ಬಲಗೆನ್ನೆಯ ಸೇವಾವಧಿ

ಸಿಯೋಲ್ ನಗರದ ನಮ್ಮ ವಲಯದಲ್ಲಿ ಮುದುಕರು ಯಾರೂ ಉಳಿದಿಲ್ಲವೆಂಬ ಸಂಗತಿ ಏಪ್ರಿಲ್ ತಿಂಗಳ ಒಂದು ಸೋಮವಾರ ವಲಯ ಕಚೇರಿಯ ಅಧಿಕೃತ ಗಮನಕ್ಕೆ ಬಂದಿತು. ತಪ್ಪು ತಿಳಿಯಬಾರದು. ಎಪ್ಪತ್ತು ದಾಟಿದವರು ಬೇಕಾದಷ್ಟಿದ್ದರು. ಅವರು ಮೆಟ್ರೋದಲ್ಲಿ ಪುಕ್ಕಟೆ ಓಡಾಡುತ್ತಿದ್ದರು, ಮೊಣಕಾಲು ನೋವೆಂದು ನಮ್ಮ ಕಚೇರಿಯ ಮೆಟ್ಟಿಲುಗಳ ಮೇಲೆ ದೂರು ಕೊಡುತ್ತಿದ್ದರು. ಇಲ್ಲದೆ ಹೋಗಿದ್ದು ಅವರ ಮುಖದ ಮುಪ್ಪು ಮಾತ್ರ.

ಆ ಮುಪ್ಪು ತುರ್ತಾಗಿ ಬೇಕಾಗಿದ್ದದ್ದು ನಮ್ಮ ಹಿರಿಯ ನಾಗರಿಕರ ವಿಭಾಗಕ್ಕೆ. 'ಮುಪ್ಪೂ ಒಂದು ಚೆಲುವು' ಎಂಬ ಆಂದೋಲನವನ್ನು ನಾವು ಘೋಷಿಸಿ ಆಗಿತ್ತು. ಮೆಟ್ರೋ ನಿಲ್ದಾಣಗಳಲ್ಲಿ ಆಳೆತ್ತರದ ಪೋಸ್ಟರ್ ಹಾಕಲು ಜಾಗವೂ ಗೊತ್ತಾಗಿತ್ತು. ಪ್ರಾಯೋಜಕರು ಡಾಕ್ಟರ್ ಮೆಂಗ್ ಅವರ ಚರ್ಮ ಚಿಕಿತ್ಸಾಲಯ. ಸುಕ್ಕು ತೆಗೆಯುವವರೇ ಸುಕ್ಕಿನ ಪ್ರಚಾರಕ್ಕೆ ಮುಂದೆ ಬಂದಿರುವುದರಲ್ಲಿ ಏನಾದರೂ ವಿರೋಧಾಭಾಸವಿದೆಯೇ ಎಂದು ಸಭೆಯಲ್ಲಿ ಚರ್ಚೆಯಾಯಿತು. ಮುಪ್ಪನ್ನು ಮೆಚ್ಚುವ ಮನಸ್ಸು ಬರಬೇಕಾದರೆ ಮೊದಲು ಕನ್ನಡಿ ನೋಡುವ ಧೈರ್ಯ ಬರಬೇಕು, ಆ ಧೈರ್ಯವನ್ನು ಸೂಜಿಯಿಂದ ಕೊಡಬಹುದು, ಆದ್ದರಿಂದ ವಿರೋಧಾಭಾಸವಿಲ್ಲ ಎಂದು ತೀರ್ಮಾನವಾಯಿತು. ಟಿಪ್ಪಣಿ ಬರೆದವನು ನಾನೇ. ನನ್ನ ಹೆಸರು ಬಾಂಗ್ ದೊಕ್‌ಸು, ಆ ವಿಭಾಗದ ಉಪ ಮೇಲ್ವಿಚಾರಕ.

ಪೋಸ್ಟರಿಗೆ ಒಂದು ಒಳ್ಳೆಯ ಮುದಿ ಮುಖ ಹುಡುಕಿಕೊಂಡು ನಾನು ಹಿರಿಯರ ಕೂಟಮನೆಗೆ ಹೋದೆ. ಅಲ್ಲಿ ಅಡಿಯಿಂದ ಕಾಯಿಸಿದ ಬಿಸಿ ನೆಲದ ಮೇಲೆ ಕಾಲು ಚಾಚಿಕೊಂಡು ಇಸ್ಪೀಟು ಆಡುತ್ತಿದ್ದವರೆಲ್ಲರ ಮುಖವೂ ಆಗ ತಾನೇ ಹಬೆಯಿಂದ ಇಳಿಸಿದ ಅಕ್ಕಿ ಕಡುಬಿನಂತೆ ನುಣುಪಾಗಿ ಹೊಳೆಯುತ್ತಿತ್ತು. ಕೂಟಮನೆಯ ಅಧ್ಯಕ್ಷೆ ಮಾ ಬೊಕ್‌ಸಿಲ್ ಅಜ್ಜಿಗೆ ಎಂಬತ್ತೊಂದು. ಬಂದ ಕೆಲಸ ಹೇಳಿದೆ.

"ಸುಕ್ಕು ಬೇಕಿತ್ತಾ ಮಗಾ? ಹೋದ ವರ್ಷ ಬಂದಿದ್ರೆ ಕೈತುಂಬ ಕೊಡ್ತಿದ್ದೆ," ಎಂದಳು ಅಜ್ಜಿ, ಎಲೆ ಹಾಕುತ್ತಾ. "ಈಗ ಸಾಲ್ಮನ್ ಮೀನಿನ ಸೂಜಿ ಹಾಕಿಸ್ಕೊಂಡಿದೀನಿ. ಕುಯ್ಯಲ್ಲ, ಹೊಲಿಯಲ್ಲ. ಚರ್ಮ ತಾನೇ ತನ್ನ ರಿಪೇರಿ ಮಾಡ್ಕೊಳುತ್ತಂತೆ."

"ಮೀನಿಂದ ಏನು ತೆಗೀತಾರೆ ಅಜ್ಜಿ?"

"ಮೀನಿಂದು ಅಂತ ಹೇಳಿದ್ರು. ಗಂಡು ಮೀನು ಅಂತಾನೂ ಹೇಳಿದ್ರು. ಅದಕ್ಕಿಂತ ಮುಂದಕ್ಕೆ ನಾನು ಕೇಳ್ಲಿಲ್ಲ, ವಯಸ್ಸಾದೋಳು ಅಂತ ಅವರೂ ಹೇಳ್ಲಿಲ್ಲ." ಸುತ್ತ ಕೂತಿದ್ದ ಅಜ್ಜಿಯರೆಲ್ಲ ನಕ್ಕರು. ಅಷ್ಟು ನಕ್ಕರೂ ಯಾರ ಕಣ್ಣಂಚಿನಲ್ಲೂ ಒಂದು ಗೆರೆ ಮೂಡಲಿಲ್ಲ.

ನಾನು ಬರಿಗೈಯಲ್ಲಿ ಮರಳಿ ಸಭೆಗೆ ವರದಿ ಒಪ್ಪಿಸಿದೆ. ವಲಯದಲ್ಲಿ ಸದ್ಯಕ್ಕೆ ಮುಪ್ಪಿನ ದಾಸ್ತಾನಿಲ್ಲ ಎಂದೆ. ವಿಭಾಗದ ಮುಖ್ಯಸ್ಥೆ ಪ್ಯೋ ಗ್ಯೊಂಗ್‌ರಾನ್ ಮೇಡಂ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ನನ್ನನ್ನೇ ನೋಡಿದರು. ಅವರನ್ನು ನೋಡಿ ಉಳಿದವರೂ ನನ್ನನ್ನೇ ನೋಡತೊಡಗಿದರು.

"ಬಾಂಗ್ ಅವರೇ, ನಿಮಗೆ ಈಗ ಎಷ್ಟು?"

"ಐವತ್ತಾರು ಮೇಡಂ."

"ಅದನ್ನ ಇನ್ಮೇಲೆ ಯಾರ ಹತ್ರಾನೂ ಹೇಳ್ಬೇಡಿ."

ಇಲ್ಲಿ ನನ್ನ ಮುಖದ ವಿಚಾರ ಸ್ವಲ್ಪ ಹೇಳಬೇಕು. ಪ್ರತಿ ಭಾನುವಾರ ಬೆಟ್ಟ ಹತ್ತುವ ಅಭ್ಯಾಸ ನನಗೆ ಹರೆಯದಿಂದಲೂ ಇದೆ. ಟೋಪಿ ಹಾಕುವ ಅಭ್ಯಾಸ ಎಂದೂ ಇರಲಿಲ್ಲ. ಹೀಗಾಗಿ ಬಿಸಿಲು ನನ್ನ ಮುಖವನ್ನು ಒಣಗಿಸಿದ ಖರ್ಜೂರದ ಮಟ್ಟಕ್ಕೆ ತಂದಿತ್ತು. ಮೆಟ್ರೋದಲ್ಲಿ ಎಪ್ಪತ್ತರ ಮುದುಕರು ಎದ್ದು ನನಗೆ ಸೀಟು ಬಿಟ್ಟುಕೊಡುತ್ತಿದ್ದರು. ಕಾಲು ನೋಯುತ್ತಿದ್ದರೆ ನಾನು ಕೂತುಕೊಳ್ಳುತ್ತಲೂ ಇದ್ದೆ.

ಮೊದಲು ಅವಮಾನವಾಯಿತು ಎಂಬುದು ನಿಜ. ಆದರೆ ಶಾಲೆಯ ಓಟದ ಪಂದ್ಯದಿಂದ ಹಿಡಿದು ಕಚೇರಿಯ ಬಡ್ತಿಯವರೆಗೆ ನನ್ನನ್ನು ಯಾರೂ ಯಾವುದಕ್ಕೂ ಆರಿಸಿರಲಿಲ್ಲ. ಇದೇ ಮೊದಲು. ಫೋಟೋ ತೆಗೆಯುವವನು ಹಾನ್ ನದಿಯ ದಡದಲ್ಲಿ ನನ್ನನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿ, "ತಾತಾ, ಮುಳುಗೋ ಸೂರ್ಯನ್ನ ನೋಡಿ," ಎಂದಾಗ, ನಾನು ತಾತನಲ್ಲವೆಂದು ಹೇಳಬೇಕೆನ್ನಿಸಲೇ ಇಲ್ಲ. ಇನ್ನಷ್ಟು ತಾತನಂತೆ ನಿಂತೆ.

ಪೋಸ್ಟರ್ ಬಂತು. ಮೆಟ್ರೋ ನಿಲ್ದಾಣದಲ್ಲಿ ಆಳೆತ್ತರಕ್ಕೆ ನನ್ನ ಬಲಗೆನ್ನೆ. ಕೆಳಗೆ: 'ಎಪ್ಪತ್ತೈದು. ಅದಕ್ಕೇನೀಗ?' ಅದರ ಜೊತೆಗೇ ಕಚೇರಿಯಿಂದ ಆದೇಶವೂ ಬಂತು: "ಆಂದೋಲನದ ಅವಧಿಯಲ್ಲಿ ಸದರಿ ನೌಕರರ, ಪೋಸ್ಟರಿನಲ್ಲಿ ಕಾಣುವ ಮುಖವನ್ನು ವಲಯದ ಸ್ವತ್ತೆಂದು ಪರಿಗಣಿಸತಕ್ಕದ್ದು. ಅದಕ್ಕೆ ಎಣ್ಣೆ, ಕ್ರೀಮು, ಸೌತೆಕಾಯಿ ಹೋಳು ಮುಂತಾದ ಯಾವುದನ್ನೂ ಲೇಪಿಸತಕ್ಕದ್ದಲ್ಲ. ಅಗತ್ಯಕ್ಕಿಂತ ಹೆಚ್ಚು ನಿದ್ರಿಸಿ ಮುಖವನ್ನು ತಾಜಾಗೊಳಿಸಿಕೊಳ್ಳುವುದು ಶಿಸ್ತಿನ ಉಲ್ಲಂಘನೆಯಾಗುತ್ತದೆ."

ಅದೇ ವಾರ ನನ್ನ ಮಗಳು ಸೋಲ್‌ಬಿಯ ಮದುವೆ ಮಾತುಕತೆ ಬಂತು. ಹುಡುಗ ಒಳ್ಳೆಯವನು. ಎರಡೂ ಮನೆಯ ತಂದೆತಾಯಿ ಒಂದು ಹೋಟೆಲಿನಲ್ಲಿ ಕೂತು ಊಟ ಮಾಡಿ ಮಾತು ಮುಗಿಸುವುದು ಉಳಿದಿತ್ತು. ನನ್ನ ಹೆಂಡತಿ ತಾಕ್ ಸುನ್‌ಯೆ ಹುಡುಗನ ಮನೆಯವರ ಫೋಟೋ ನೋಡಿದಳು. ಹುಡುಗನ ಅಪ್ಪ ಹಲ್ಲಿನ ಡಾಕ್ಟರು, ನನಗಿಂತ ಮೂರು ವರ್ಷ ದೊಡ್ಡವರು, ನೋಡಲು ಹುಡುಗನ ಅಣ್ಣನಂತಿದ್ದರು.

"ರೀ, ನೀವು ಇವರ ಎದುರಿಗೆ ಕೂತ್ರೆ ಹುಡುಗಿ ತಾತ ಬಂದಿದಾರೆ, ಅಪ್ಪ ಎಲ್ಲಿ ಅಂತ ಕೇಳ್ತಾರೆ. ಸೂಜಿ ಹಾಕಿಸ್ಕೊಳ್ಳಿ. ನಾಳೆ ಬೆಳಿಗ್ಗೆಗೆ ಹೇಳಿಟ್ಟಿದೀನಿ."

"ಆಗಲ್ಲ ಕಣೆ. ಮುಖ ಈಗ ಕಚೇರೀದು. ಆದೇಶ ಆಗಿದೆ."

"ಕಚೇರೀದಾ? ಇಪ್ಪತ್ತೆಂಟು ವರ್ಷದಿಂದ ದಿನಾ ಬೆಳಿಗ್ಗೆ ಎದ್ದು ಅದನ್ನ ನೋಡ್ತಾ ಇರೋಳು ನಾನು. ನಿಮ್ಮ ಮೇಡಂ ಒಂದು ಭಾನುವಾರ ಬಂದು ನೋಡ್ಲಿ, ಆಮೇಲೆ ಆದೇಶ ಮಾಡ್ಲಿ."

ಮಾರನೆಯ ಬೆಳಗ್ಗೆ ನಾನು ಡಾಕ್ಟರ್ ಮೆಂಗ್ ಅವರ ಮುಂದೆ ಕೂತಿದ್ದೆ. ನೌಕರಿ ಒಂದು ಕಡೆ, ಮಗಳ ಮದುವೆ ಒಂದು ಕಡೆ ಎಂದು ಕಷ್ಟ ತೋಡಿಕೊಂಡೆ. ಅವರು ಆದೇಶವನ್ನು ನಿಧಾನವಾಗಿ ಓದಿದರು.

"ಪೋಸ್ಟರಿನಲ್ಲಿ 'ಕಾಣುವ' ಮುಖ ಅಂತಿದೆ. ಕಾಣೋದು ಯಾವ ಕಡೆ?"

"ಬಲಗಡೆ ಡಾಕ್ಟರೇ."

"ಹಾಗಾದ್ರೆ ಎಡಗಡೆ ನಿಮ್ಮ ಸ್ವಂತದ್ದು. ಮಲಗಿ."

ಎಡಗೆನ್ನೆಗೆ ಮರಗಟ್ಟಿಸುವ ಮುಲಾಮು ಹಚ್ಚಿದರು. ಆಮೇಲೆ ಸೂಜಿ. ಮುಲಾಮು ಹಚ್ಚಿದರೂ ಕಣ್ಣಲ್ಲಿ ನೀರು ಬಂತು. ಎರಡು ಮೂರು ದಿನ ಆ ಕೆನ್ನೆ ಹಾಗಲಕಾಯಿಯಂತೆ ಗುಳ್ಳೆಗುಳ್ಳೆಯಾಗಿತ್ತು. ಮತ್ತೆರಡು ಸಲ ಹೋಗಿ ಬಂದ ಮೇಲೆ, ಊಟದ ದಿನ ಹತ್ತಿರ ಬರುವ ಹೊತ್ತಿಗೆ, ಎಡಗಡೆಯಲ್ಲಿ ಯಾರೋ ಒಬ್ಬ ನಲವತ್ತರ ಗಂಡಸು ಬಂದು ನೆಲೆಸಿದ್ದ. ಕ್ಷೌರ ಮಾಡಿಕೊಳ್ಳುವಾಗ ಮೂಗು ದಾಟಿದೊಡನೆ ನನಗೇ ಸಂಕೋಚವಾಗುತ್ತಿತ್ತು, ಬೇರೆಯವರ ಮುಖಕ್ಕೆ ಕೈ ಹಾಕಿದ ಹಾಗೆ.

ಸುನ್‌ಯೆ ಮೊದಲ ದಿನ ಸಂಭ್ರಮದಿಂದ ನನ್ನ ಎಡಕ್ಕೆ ಹಾಸಿಗೆ ಹಾಸಿಕೊಂಡಳು. ವಾರ ಕಳೆಯುವುದರೊಳಗೆ ದಿಂಬು ಎತ್ತಿಕೊಂಡು ಬಲಕ್ಕೆ ಬಂದಳು. "ಆ ಕಡೆ ಯಾರೋ ಗುರುತಿಲ್ಲದೋರ ಪಕ್ಕ ಮಲಗಿದ ಹಾಗಾಗತ್ತೆ ಕಣ್ರೀ," ಎಂದಳು. ನನಗೆ ಸಂತೋಷಪಡಬೇಕೋ ಹೊಟ್ಟೆಕಿಚ್ಚು ಪಡಬೇಕೋ ತಿಳಿಯಲಿಲ್ಲ.

ಊಟದ ದಿನ ನಾನು ಮೊದಲೇ ಹೋಗಿ ಗೋಡೆಯ ಪಕ್ಕ, ಎಡಗೆನ್ನೆ ಮಾತ್ರ ಕಾಣುವಂತೆ ಮುಖವನ್ನು ಗೋಡೆಗೆ ತಿರುಗಿಸಿ ಕೂತೆ. ಬೀಗರು ಬಂದರು. ನಾನು ಗೋಡೆಗೆ ಬಗ್ಗಿ ನಮಸ್ಕಾರ ಮಾಡಿದೆ. ಪಕ್ಕೆಲುಬಿನ ಮಾಂಸದ ಪಲ್ಯ ಬಂತು. ರುಚಿಯಾಗಿದೆ ಎಂದು ಗೋಡೆಗೆ ಹೇಳಿದೆ. ಹುಡುಗನನ್ನು ಗೋಡೆಯ ಮುಂದೆ ಬಹಳ ಹೊಗಳಿದೆ. ಹುಡುಗನ ತಾಯಿ ಚೋಪ್‌ಸ್ಟಿಕ್ ಕೆಳಗಿಟ್ಟರು.

"ಬೀಗರಿಗೆ ಈ ಸಂಬಂಧ ಇಷ್ಟ ಇಲ್ಲ ಅಂತ ಕಾಣುತ್ತೆ," ಎಂದರು ಮೆಲ್ಲಗೆ. "ಬಂದಾಗಿನಿಂದ ಮುಖ ತಿರುಗಿಸ್ಕೊಂಡೇ ಕೂತಿದಾರೆ. ಇಷ್ಟ ಇಲ್ದಿದ್ರೆ ಬಾಯಿ ಬಿಟ್ಟು ಹೇಳ್ಬಹುದಲ್ಲ."

ಹುಡುಗ ತಲೆ ತಗ್ಗಿಸಿದ. ಸುನ್‌ಯೆಯ ಕೈ ಮೇಜಿನ ಕೆಳಗೆ ನನ್ನ ತೊಡೆಯನ್ನು ಹಿಂಡಿತು. ತಿರುಗು ಎಂದೋ, ತಿರುಗಬೇಡ ಎಂದೋ ಗೊತ್ತಾಗಲಿಲ್ಲ. ಸೋಲ್‌ಬಿಯ ಕಣ್ಣಲ್ಲಿ ನೀರು ತುಂಬಿತ್ತು.

"ಅಪ್ಪಾ, ತಿರುಗಪ್ಪಾ," ಎಂದಳು. "ಏನಾದ್ರೂ ಆಗ್ಲಿ."

ತಿರುಗಿದೆ. ಪೂರ್ತಿ ಮುಖ ಬೆಳಕಿಗೆ ಬಿತ್ತು. ಸೂಪು ಬಡಿಸುತ್ತಿದ್ದ ಹೆಂಗಸು ಕೂಡ ಕೈ ತಡೆದು ನಿಂತಳು. ಮದುವೆ ಮುರಿಯಿತು, ಮಗಳೇ ಕ್ಷಮಿಸು ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿರುವಾಗ ಹಲ್ಲಿನ ಡಾಕ್ಟರು ಕುರ್ಚಿಯಿಂದ ಅರ್ಧ ಎದ್ದರು.

"ನೀವು ಮೆಟ್ರೋ ತಾತ ಅಲ್ವಾ! ನಮ್ಮ ನಿಲ್ದಾಣದಲ್ಲೇ ಇದೀರಲ್ಲ!" ಎಂದರು. ಹತ್ತಿರ ಬಂದು ಎಡಗಡೆ ನೋಡಿದರು, ಬಲಗಡೆ ನೋಡಿದರು, ಮತ್ತೆ ಎಡಗಡೆ ನೋಡಿದರು. ಅವರ ದನಿ ಇಳಿಯಿತು. "ಒಂದು ಕಡೆ ಉಳಿಸ್ಕೋಬಹುದು ಅಂತ ನಂಗೆ ಯಾರೂ ಹೇಳ್ಲೇ ಇಲ್ಲ ಬೀಗರೇ. ನಾನು ಎರಡೂ ಕಡೆ ಮಾಡಿಸ್ಕೊಂಡ್ಬಿಟ್ಟೆ. ಹೋದ ಹಬ್ಬಕ್ಕೆ ಊರಿಗೆ ಹೋದಾಗ ನಮ್ಮಮ್ಮ ಬಾಗಿಲು ತೆಗೆದು, ನನ್ನ ಮಗ ಸಿಯೋಲಲ್ಲಿದಾನೆ, ಆಮೇಲೆ ಬಾಪ್ಪಾ ಅಂದ್ರು."

ಅಷ್ಟು ಹೇಳಿ ಅವರು ಸೂಪಿನ ಬಟ್ಟಲನ್ನೇ ನೋಡುತ್ತಾ ಕೂತರು. ನಾನು ಎರಡು ಕೈಯಲ್ಲಿ ಬಾಟಲಿ ಹಿಡಿದು ಅವರ ಲೋಟಕ್ಕೆ ಸೋಜು ಮದ್ಯ ಬಗ್ಗಿಸಿದೆ. ಮದುವೆ ನಿಶ್ಚಯವಾಯಿತು. ಅವರ ಹೆಂಡತಿ ನನ್ನ ಮುಖದ ಫೋಟೋವನ್ನು ಎರಡೂ ಕಡೆಯಿಂದ ತೆಗೆದು ಗೆಳತಿಯರಿಗೆ ಕಳಿಸಿದರು. ಊಟದ ಕೊನೆಗೆ ಶುಂಠಿ ಕಷಾಯ ಬರುವ ಹೊತ್ತಿಗೆ ಅದು ಪ್ಯೋ ಮೇಡಂ ಅವರನ್ನೂ ತಲುಪಿತ್ತು.

ಮಾರನೆಯ ಬೆಳಗ್ಗೆ ಮೇಡಂ ಕೋಣೆಗೆ ಕರೆದರು. ಕೆಲಸ ಹೋಯಿತೆಂದುಕೊಂಡು ಪೆಟ್ಟಿಗೆ ಕಟ್ಟಿಕೊಂಡೇ ಹೋದೆ. ಅವರು ನನ್ನನ್ನು ಕಿಟಕಿಯ ಬಳಿ ನಿಲ್ಲಿಸಿ, ಸುತ್ತು ಬಂದು, ಎರಡೂ ಕಡೆ ಪರಿಶೀಲಿಸಿದರು.

"ಬಾಂಗ್ ಅವರೇ, ಇಷ್ಟು ದಿನ ಒಂದು ಸಮಸ್ಯೆ ನನ್ನ ನಿದ್ದೆ ಕೆಡಿಸಿತ್ತು. ಮುಪ್ಪು ಬೇಕು ಅನ್ನೋರೂ ನಮ್ಮ ನಾಗರಿಕರೇ, ಬೇಡ ಅನ್ನೋರೂ ನಮ್ಮ ನಾಗರಿಕರೇ. ಇಬ್ಬರನ್ನೂ ಒಂದೇ ಮುಖದಲ್ಲಿ ಒಪ್ಪಿಸೋದು ಹೇಗೆ ಅಂತ."

"ನಾನು ಬೇಕೂಂತ ಮಾಡಿದ್ದಲ್ಲ ಮೇಡಂ."

"ಒಳ್ಳೆ ನೀತಿಗಳೆಲ್ಲ ಹಾಗೇ ಆಗೋದು."

ಮಧ್ಯಾಹ್ನದೊಳಗೆ ಪ್ರಕಟಣೆ ಹೊರಬಿತ್ತು: "ವಲಯದ ಸಮಸ್ತ ನೌಕರರು ಮುಖದ ಬಲಭಾಗವನ್ನು ಸಹಜ ಸ್ಥಿತಿಯಲ್ಲಿಯೂ ಎಡಭಾಗವನ್ನು ನವೀಕೃತ ಸ್ಥಿತಿಯಲ್ಲಿಯೂ ಕಾಪಾಡಿಕೊಂಡು ಬರತಕ್ಕದ್ದು. ದೂರು ತರುವ ಹಿರಿಯರಿಗೆ ಬಲಭಾಗವನ್ನು, ಪ್ರವಾಸಿಗರಿಗೆ ಎಡಭಾಗವನ್ನು ತೋರಿಸತಕ್ಕದ್ದು. ಮೇಲಧಿಕಾರಿಗಳ ಎದುರು ನೆಲವನ್ನು ನೋಡತಕ್ಕದ್ದು." ಯಾರೂ ಗೊಣಗಲಿಲ್ಲ. ಹೆಚ್ಚಿನವರಿಗೆ ಕೊನೆಯ ನಿಯಮ ಮೊದಲೇ ರೂಢಿಯಾಗಿತ್ತು. ಡಾಕ್ಟರ್ ಮೆಂಗ್ ಅರ್ಧ ಮುಖದ ಚಿಕಿತ್ಸೆಯನ್ನು ಪೂರ್ತಿ ಮುಖದ ದರದಲ್ಲೇ ಒದಗಿಸಿದರು. ಉಳಿದರ್ಧವನ್ನು ಮುಟ್ಟದೆ ಬಿಡುವುದಕ್ಕೆ ಹೆಚ್ಚಿನ ಪರಿಣತಿ ಬೇಕಂತೆ.

ತೊಂದರೆಯಾದದ್ದು ಎರಡೂ ಕಡೆ ಮುಗಿಸಿಕೊಂಡಿದ್ದವರಿಗೆ. ಮಾ ಬೊಕ್‌ಸಿಲ್ ಅಜ್ಜಿ ಕೂಟಮನೆಯವರನ್ನೆಲ್ಲ ಕಟ್ಟಿಕೊಂಡು ಕಚೇರಿಗೆ ಬಂದಳು. ನಾನು ನಿಯಮದ ಪ್ರಕಾರ ಬಲಗೆನ್ನೆ ಕೊಟ್ಟೆ.

"ನಮ್ಮ ಬಲಗಡೆ ನಮಗೆ ವಾಪಸ್ ಬೇಕು ಮಗಾ," ಎಂದಳು. "ಎಂಬತ್ತು ವರ್ಷ ಕೂತು ಮಾಡಿದ್ದು. ಮರಿಮಗು ನನ್ನ ಕೆನ್ನೆ ಸವರಿ ಸವರಿ, ಅಜ್ಜಿ ಎಲ್ಲಿ ಅಂತ ಅಳುತ್ತೆ."

ಮೇಡಂ ಡಾಕ್ಟರ್ ಮೆಂಗ್ ಅವರಿಗೆ ಫೋನ್ ಮಾಡಿದರು. ಡಾಕ್ಟರು ಒಂದು ವಾರ ಯೋಚಿಸಿ ಹೊಸ ಚಿಕಿತ್ಸೆ ಕಂಡುಹಿಡಿದರು. ಅದರ ಹೆಸರು 'ಸಹಜ ಸುಕ್ಕು ಪುನಶ್ಚೇತನ'. ಇದರಲ್ಲಿ ಸೂಜಿ ಇಲ್ಲ, ಮೀನು ಇಲ್ಲ, ನೋವಂತೂ ಇಲ್ಲವೇ ಇಲ್ಲ. ಚಿಕಿತ್ಸಾಲಯದ ತಾರಸಿಯ ಮೇಲೆ ಕುರ್ಚಿ ಹಾಕಿರುತ್ತಾರೆ. ಬಲಗೆನ್ನೆ ಬಿಸಿಲಿಗೆ ಬೀಳುವಂತೆ ಕೂತುಕೊಳ್ಳಬೇಕು. ಅಷ್ಟೇ. ಕೆಳಗಿನ ಅಂಗಳದಲ್ಲೂ ಅದೇ ಬಿಸಿಲು ಬೀಳುತ್ತದಲ್ಲ ಎಂದು ಒಬ್ಬರು ಕೇಳಿದರಂತೆ. ಅದು ವೈದ್ಯರ ಮೇಲ್ವಿಚಾರಣೆ ಇಲ್ಲದ ಬಿಸಿಲು ಎಂದು ತಿಳಿಸಲಾಯಿತು.

ಈಗ ಸರದಿ ಸಿಗುವುದೇ ಕಷ್ಟ. ನನ್ನ ಬಲಗೆನ್ನೆಯ ಸೇವಾವಧಿಯನ್ನು ವಿಸ್ತರಿಸಿರುವುದರಿಂದ ಕಚೇರಿಯ ವತಿಯಿಂದ ನನಗೂ ಶನಿವಾರ ಒಂದು ಕುರ್ಚಿ ಸಿಗುತ್ತದೆ. ಹೋದ ಶನಿವಾರ ಎಲ್ಲರೂ ಇದ್ದೆವು. ಪ್ಯೋ ಮೇಡಂ, ಹಲ್ಲಿನ ಡಾಕ್ಟರು, ಅವರ ಹೆಂಡತಿ, ಸುನ್‌ಯೆ, ಕೂಟಮನೆಯ ಅಜ್ಜಿಯರು, ಎಲ್ಲರೂ ಎಡಗೆನ್ನೆಗೆ ಬಟ್ಟೆ ಕಟ್ಟಿಕೊಂಡು ಸಾಲಾಗಿ ಕೂತಿದ್ದೆವು. ಬೊಕ್‌ಸಿಲ್ ಅಜ್ಜಿ ಬೇಯಿಸಿದ ಗೆಣಸು ತಂದಿದ್ದಳು. ಒಂದೊಂದು ಹಂಚಿ, ಹಲ್ಲಿನ ಡಾಕ್ಟರ ಕೆನ್ನೆಯನ್ನು ಬಗ್ಗಿ ನೋಡಿ, "ಬಂತು ಕಣಪ್ಪಾ, ಒಂದು ಗೆರೆ ಬಂತು! ನಿಮ್ಮಮ್ಮನಿಗೆ ಫೋನ್ ಮಾಡು!" ಎಂದು ಕೂಗಿದಳು. ಡಾಕ್ಟರು ಕನ್ನಡಿ ಹುಡುಕಲು ಹೋಗಿ ಗೆಣಸನ್ನು ಮೇಡಂ ತೊಡೆಯ ಮೇಲೆ ಬೀಳಿಸಿದರು. ಇಡೀ ತಾರಸಿ ಹೊಟ್ಟೆ ಹಿಡಿದುಕೊಂಡು ನಗತೊಡಗಿತು.

ನರ್ಸ್ ಓಡಿ ಬಂದಳು. "ನಗಬೇಡಿ, ದಯವಿಟ್ಟು ನಗಬೇಡಿ! ನಕ್ಕರೆ ಎರಡೂ ಕಡೆ ಸುಕ್ಕು ಬೀಳುತ್ತೆ!"

ಅವಳು ಹೇಳಿದ್ದು ಸರಿ ಎಂದು ಎಲ್ಲರೂ ಒಪ್ಪಿದೆವು. ಆಮೇಲೆ ಬಲಗಡೆಯಿಂದ ಮಾತ್ರ ನಕ್ಕೆವು.