ಹುತ್ತದ ಮಣ್ಣಿನ ಅರಮನೆ

ಅಜ್ಜಂಪುರದ ಹಿಟ್ಟಿನ ಗಿರಣಿ ಕರಿಸಿದ್ದಪ್ಪನಿಗೆ ಒಂದು ನಗುವಿನ ಮೇಲೆ ಇವತ್ತಿಗೂ ಸಿಟ್ಟಿದೆ. ನಕ್ಕವರು ನಾಲ್ಕೇ ಜನ. ಅದರಲ್ಲಿ ಒಬ್ಬರು ತೀರಿಕೊಂಡೂ ಆಯ್ತು. ಆದರೂ ಎಪ್ಪತ್ತೊಂಬತ್ತನೇ ಇಸವಿಯ ಆ ಸೋಮವಾರ ತನ್ನ ಗಿರಣಿಯಲ್ಲೇ ನಿಂತು, ತನ್ನ ಕಲ್ಲಿನಲ್ಲಿ ರಾಗಿ ಬೀಸಿಸಿಕೊಳ್ಳೋಕೆ ಬಂದು, ತನ್ನನ್ನೇ ನೋಡಿ ನಕ್ಕರಲ್ಲ ಅನ್ನೋದು, ಹಿಟ್ಟಿನಲ್ಲಿ ಸಿಕ್ಕ ಹರಳಿನ ಹಾಗೆ ಅವನ ಹಲ್ಲಿನಲ್ಲಿ ಇನ್ನೂ ಕರಕರ ಅನ್ನುತ್ತದೆ.

ಅವರು ನಕ್ಕಿದ್ದು ಯಾಕೆ ಅಂತ ಹೇಳಬೇಕಾದರೆ ಮೊದಲು ಇಲಿಗಳ ಸಮಾಚಾರ ಹೇಳಬೇಕು. (ಇಲಿ ಅಂದರೆ ಕರಿಸಿದ್ದಪ್ಪನ ಮಗಳು ವಿಮಲಾ ಒಪ್ಪುವುದಿಲ್ಲ. ಜರ್ಬಿಲ್ ಅನ್ನಬೇಕು.)

ವಿಮಲಾ ಆಗ ಒಂಬತ್ತನೇ ಕ್ಲಾಸು. ದಸರಾ ರಜಕ್ಕೆ ಚೌಳಹಿರಿಯೂರಿನ ಅಜ್ಜಿ ಮನೆಗೆ ಹೋದವಳು, ಕಡ್ಲೆಕಾಯಿ ಕೀಳುವಾಗ ಹೊಲದ ಬಿಲದಲ್ಲಿ ಸಿಕ್ಕ ಮೂರು ಮರಿಗಳನ್ನು ಟಿಫಿನ್ ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿಟ್ಟುಕೊಂಡು ಬಂದಳು. ಗೋಲಿಯಂಥ ಕಣ್ಣು, ಕುಪ್ಪಳಿಸುವ ಹಿಂಗಾಲು, ಉದ್ದ ಬಾಲ, ಬಾಲದ ತುದಿಗೊಂದು ಕುಚ್ಚು. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ನೋಡಿ, ಇವಕ್ಕೆ ಇಂಗ್ಲಿಷಿನಲ್ಲಿ ಜರ್ಬಿಲ್ ಅಂತಾರೆ, ತರೀಕೆರೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ತಗೊಂಡು ಹೋಗೋಣ ಅಂದರು. ಹೆಸರನ್ನೂ ಬರೆಸಿಬಿಟ್ಟರು.

"ಇಂಗ್ಲಿಷ್ ಹೆಸರು ಇಟ್ಟ ಮಾತ್ರಕ್ಕೆ ರಾಗಿ ತಿನ್ನೋದು ಬಿಡ್ತಾವೇನೇ?" ಅಂದಳು ಕರಿಸಿದ್ದಪ್ಪನ ಹೆಂಡತಿ ಮಲ್ಲಿಕಾಂಬ.

ಕರಿಸಿದ್ದಪ್ಪ ಏನೂ ಅನ್ನಲಿಲ್ಲ, ಯಾಕೆಂದರೆ ಅವನಿಗೆ ವಿಷಯವೇ ಗೊತ್ತಿರಲಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಇಪ್ಪತ್ತೈದು ವರ್ಷದಿಂದ ಗಿರಣಿ ನಡೆಸಿಕೊಂಡು ಬಂದವನು. ಅಂಥವನ ಕಣ್ಣಿಗೆ ಇಲಿ ಬಿತ್ತು ಅಂದರೆ ಬುದ್ಧಿಗಿಂತ ಮೊದಲು ಕೈ ಓಡುತ್ತದೆ. ಅವತ್ತು ಸಂಜೆ ಮೂರರಲ್ಲಿ ಒಂದು ಡಬ್ಬಿಯಿಂದ ಹಾರಿ ಗಿರಣಿಯ ಹೊಸಿಲು ದಾಟಿತು. ಕೈಗೆ ಸಿಕ್ಕ ದೊಣ್ಣೆಯಲ್ಲಿ ಒಂದೇ ಏಟು. ಬಾಲದ ತುದಿಯ ಕುಚ್ಚು ಅವನಿಗೆ ಕಾಣಿಸಿದ್ದು ಆಮೇಲೆ. ಬಾಗಿಲಲ್ಲಿ ನಿಂತಿದ್ದ ಮಗಳು ಕಾಣಿಸಿದ್ದು ಅದಕ್ಕೂ ಆಮೇಲೆ.

ಅವತ್ತಿನಿಂದ ವಿಮಲಾ ಅಪ್ಪನ ಜೊತೆ ಮಾತು ಬಿಟ್ಟಳು.

"ಅವ್ವಾ, ಅವರಿಗೆ ಊಟಕ್ಕೆ ಬರೋಕೆ ಹೇಳು," ಅನ್ನುತ್ತಿದ್ದಳು, ಎರಡು ಮಾರು ದೂರದಲ್ಲಿ ಅಪ್ಪ ಕೂತಿದ್ದರೂ.

"ಏನ್ರೀ, ಊಟಕ್ಕೆ ಬರಬೇಕಂತೆ."

"ಹಸಿವಿಲ್ಲ ಅಂತ ಹೇಳು ಅವಳಿಗೆ."

"ಹಸಿವಿಲ್ಲವಂತೆ ಕಣೇ."

"ಹಂಗಾದ್ರೆ ಮುದ್ದೆ ನಾಯಿಗೆ ಹಾಕ್ತೀನಿ ಅಂತ ಹೇಳವ್ವ."

"ನಾನೇನು ಇಲ್ಲಿ ಪೋಸ್ಟಾಫೀಸು ಇಟ್ಟಿದೀನಾ?" ಅಂತ ಮಲ್ಲಿಕಾಂಬ ಸೌಟು ಕುಕ್ಕಿದಳು. "ಇಬ್ಬರಿಗೂ ಒಂದೇ ಮೂಗು, ಆ ಮೂಗಿನ ತುದೀಲಿ ಒಂದೇ ಸಿಟ್ಟು. ಮಧ್ಯೆ ನನ್ನ ಗಂಟಲು ಒಣಗ್ತಾ ಇದೆ."

ಹೀಗೇ ಹನ್ನೊಂದು ದಿನ ಕಳೆಯಿತು. ಊರಿಗೆಲ್ಲ ಜೋರು ಮಾಡುವ ಕರಿಸಿದ್ದಪ್ಪನಿಗೆ ಮಗಳು "ಅಪ್ಪಾಜಿ" ಅನ್ನದ ಮನೆ, ಕರೆಂಟು ಹೋದ ಗಿರಣಿಯ ಹಾಗೆ ಕಂಡಿತು. ಹನ್ನೆರಡನೇ ದಿನ ಊಟಕ್ಕೆ ಕೂತವನೇ ಘೋಷಣೆ ಮಾಡಿದ.

"ಲೇ, ಅವಳಿಗೆ ಹೇಳು. ಉಳಿದಿರೋ ಎರಡಕ್ಕೂ ನಾನೇ ಮನೆ ಮಾಡ್ಕೊಡ್ತೀನಿ. ಅಂಥಾ ಮನೆ ಈ ಊರಲ್ಲಿ ಮನುಷ್ಯರಿಗೂ ಇರಬಾರದು. ಆಮೇಲಾದ್ರೂ ಮಾತಾಡ್ತಾಳೋ ಕೇಳು."

ವಿಮಲಾ ತಟ್ಟೆಯಿಂದ ತಲೆ ಎತ್ತಲಿಲ್ಲ. "ಪ್ರದರ್ಶನಕ್ಕೆ ಇನ್ನು ಮೂರು ವಾರ ಇದೆ ಅಂತ ಹೇಳವ್ವ. ಅವತ್ತಿಗೆ ಎರಡೂ ಜೀವಂತ ಇದ್ರೆ ಮಾತಾಡ್ತೀನಿ."

ಒಪ್ಪಂದ ಆಯ್ತು. ಮಾರನೇ ದಿನವೇ ಕರಿಸಿದ್ದಪ್ಪ ಗಿರಣಿಗೆ ಬೀಗ ಹಾಕಿ ತರೀಕೆರೆಗೆ ಹೋಗಿ, ಮುಚ್ಚಿಹೋದ ಒಂದು ಹೋಟೆಲಿನ ತಿಂಡಿ ಬೀರು ತಂದ. ನಾಲ್ಕೂ ಕಡೆ ಗಾಜು, ಮೇಲೆ ಚಿಲಕದ ಮುಚ್ಚಳ, ತಳಕ್ಕೆ ಹಲಗೆ. ಬಸ್ಸಿನ ಟಾಪಿಗೆ ಏರಿಸುವಾಗ ಇಬ್ಬರು ಬಂದು ವಡೆ ಬಿಸಿ ಇದೆಯಾ ಅಂತ ಕೇಳಿದರು. ಅವನು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಪಡಸಾಲೆಯಲ್ಲಿ ನಾಲ್ಕು ಇಟ್ಟಿಗೆಯ ಮೇಲೆ ಬೀರು ಕೂತಿತು. ಅದರೊಳಗೆ ಏಣಿ, ತೂಗುಯ್ಯಾಲೆ, ಮುಖ ನೋಡಿಕೊಳ್ಳಲು ಒಂದು ಕನ್ನಡಿ, ಒಂದು ತಗಡಿನ ಕಮಾನು, ಹಾಲಿನ ಪುಡಿ ಡಬ್ಬಕ್ಕೆ ಸರಳು ತೂರಿಸಿ ಮಾಡಿದ ಓಡುವ ಚಕ್ರ, ಜೊತೆಗೆ ಒಂದು ಜೀರೋ ಕ್ಯಾಂಡಲ್ ಬಲ್ಬು.

"ಅಡಿಗೆಮನೆಗೆ ಒಂದು ಬಲ್ಬು ಹಾಕ್ಸಿ ಅಂತ ಮೂರು ವರ್ಷದಿಂದ ಬಡ್ಕೋತಿದೀನಿ," ಅಂದಳು ಮಲ್ಲಿಕಾಂಬ. "ಮುಂದಿನ ಜನ್ಮಕ್ಕೆ ನಂಗೂ ಬಾಲ ಕೊಡಪ್ಪಾ ಶಿವನೇ."

ಈಗ ಆ ಸೋಮವಾರ. ಗಿರಣಿಯಲ್ಲಿ ಸರದಿ. ಸರದಿಯ ಕೊನೆಯಲ್ಲಿ, ಬಾಗಿಲ ಹತ್ತಿರ, ಹೈಸ್ಕೂಲಿನ ಅಟೆಂಡರ್ ಮಂಜಪ್ಪ. ಊರಾಚೆಯ ಕೇರಿಯವನು. ಚಿಕ್ಕಂದಿನಲ್ಲಿ ಹೊಲ ಕಾಯುತ್ತಾ ಬಿಲಗಳ ಜೊತೆಗೇ ಬೆಳೆದವನು, ಈಗ ಶಾಲೆಯ ವಿಜ್ಞಾನದ ಕೊಠಡಿ ನೋಡಿಕೊಳ್ಳುತ್ತಿದ್ದ. ಎಷ್ಟು ಮೆತ್ತಗೆ ಮಾತಾಡುತ್ತಿದ್ದ ಅಂದರೆ, ಅವನು ಹೇಳಿದ್ದು ಕೇಳಬೇಕಾದರೆ ಗಿರಣಿ ನಿಲ್ಲಿಸಬೇಕು. ಅವತ್ತು ಕರಿಸಿದ್ದಪ್ಪ ತನ್ನ ಅರಮನೆಯನ್ನು ವರ್ಣಿಸೋದಕ್ಕೆ ಅಂತ ತಾನಾಗಿಯೇ ಗಿರಣಿ ನಿಲ್ಲಿಸಿದ್ದ.

"ಎಲ್ಲಾ ಆಗಿದೆ. ಮಣ್ಣು ತುಂಬೋದು ಒಂದು ಬಾಕಿ. ಕೆರೆ ಹಿಂದಿನ ಹುತ್ತದಿಂದ ಎರಡು ಗಾಡಿ ಹೇಳಿದೀನಿ," ಅಂದ.

"ಹುತ್ತದ ಮಣ್ಣು ಬೇಡ ಯಜಮಾನ್ರೇ," ಅಂದ ಮಂಜಪ್ಪ. "ಅವಕ್ಕೆ ತೋಡೋಕೆ ಮಣ್ಣು ಬೇಕು ಅನ್ನೋದು ನಿಜ. ಹಳ್ಳದ ಮರಳಿಗೆ ಒಂದಿಷ್ಟು ಕೆಮ್ಮಣ್ಣು ಕಲಸಿ, ಮೊಳದೆತ್ತರ ತುಂಬಿ. ಕಡಿಯೋಕೆ ಒಂದು ತುಂಡು ಕಟ್ಟಿಗೆ ಹಾಕಿ, ತಳಕ್ಕೆ ತಗಡು ಹೊಡೀರಿ. ಹುತ್ತದ ಮಣ್ಣಲ್ಲಿ ಗೆದ್ದಲು ಇರ್ತದೆ."

"ಏನಪ್ಪಾ, ನಮ್ಮ ಮದುವೆಗಳಿಗೆಲ್ಲ ಶಾಸ್ತ್ರಕ್ಕೆ ಹುತ್ತದ ಮಣ್ಣೇ ತರೋದು. ಅದಕ್ಕಿಂತ ಒಳ್ಳೇ ಮಣ್ಣು ಯಾವುದಯ್ಯ ಭೂಮಿ ಮೇಲೆ? ಗೆದ್ದಲು ಬಂದು ಯಾವ ಮದುವೆ ನಿಂತೋಗಿದೆ?"

"ಮದುವೆ ಮೂರು ದಿನಕ್ಕೆ ಮುಗೀತದೆ ಯಜಮಾನ್ರೇ. ಇದು ಮೂರು ವಾರ ಇರಬೇಕಲ್ಲ."

ಆಗ ನಕ್ಕಿದ್ದು ಆ ನಾಲ್ಕು ಜನ. ಮಂಜಪ್ಪ ನಗಲಿಲ್ಲ. (ಅವನು ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.) ಕರಿಸಿದ್ದಪ್ಪನ ಕಿವಿ ಕೆಂಪಗಾಯಿತು. ಮೂರು ದಿನ ಅಲ್ಲ ಮೂರು ವರ್ಷ ನಿಲ್ಲಿಸ್ತೀನಿ ಅಂತ ಗಿರಣಿಯ ಸ್ವಿಚ್ಚು ಒತ್ತಿದ. ಅವತ್ತು ಸಂಜೆಯೇ ಹುತ್ತದ ಮಣ್ಣು ಬಂತು. ಎರಡು ಗಾಡಿ ಬಂದದ್ದರಲ್ಲಿ ಬೀರಿಗೆ ಹಿಡಿದದ್ದು ನಾಲ್ಕೇ ಬುಟ್ಟಿ. ಉಳಿದದ್ದು ಅಂಗಳದಲ್ಲಿ ಬಿತ್ತು. ತಗಡು ಹೊಡೆಯಲಿಲ್ಲ. ತಳ ಸಾಗುವಾನಿ ಕಣೋ, ಸಾಗುವಾನಿಗೆ ಯಾವ ಗೆದ್ದಲು ಬರ್ತದೆ ಅಂತ ಕೇಳಿದವರಿಗೂ ಕೇಳದವರಿಗೂ ಹೇಳಿದ.

ಗೃಹಪ್ರವೇಶ ಆಯಿತು. ಉಯ್ಯಾಲೆಯನ್ನಾಗಲಿ ಕನ್ನಡಿಯನ್ನಾಗಲಿ ಆ ಎರಡು ಪ್ರಾಣಿಗಳು ಕಣ್ಣೆತ್ತಿಯೂ ನೋಡಲಿಲ್ಲ. ನೇರ ಮಣ್ಣಿಗೆ ಇಳಿದವು, ತೋಡಿದವು. ಗಾಜಿನ ಪಕ್ಕದಲ್ಲೇ ಸುರಂಗ ತೆಗೆದು, ಅಲ್ಲಿ ಜೋಳದ ಸಿಪ್ಪೆ ಹಾಸಿಕೊಂಡು, ಒಂದರ ಮೇಲೊಂದು ಬಿದ್ದು ಮಲಗಿದವು. ರಾತ್ರಿ ಚಕ್ರ ಗಡಗಡ ತಿರುಗುವುದು ಕೇಳಿದಾಗ ಕರಿಸಿದ್ದಪ್ಪನಿಗೆ ಅದೆಂಥ ಸಮಾಧಾನವೋ. ವಿಮಲಾ ಗಾಜಿಗೆ ಮೂಗೊತ್ತಿ ಕೂರುತ್ತಿದ್ದಳು. ಒಂದು ದಿನ, "ಮನೆ ಚೆನ್ನಾಗಿದೆ ಅಂತ ಹೇಳವ್ವ," ಅಂದಳು. ಆ ಪೋಸ್ಟನ್ನು ಮಲ್ಲಿಕಾಂಬ ತಲುಪಿಸುವ ಮೊದಲೇ ಅವನು ಅಂಗಳಕ್ಕೆ ಹೋಗಿ ಸುಮ್ಮಸುಮ್ಮನೆ ಕೆಮ್ಮುತ್ತಾ ನಿಂತಿದ್ದ.

ಒಂದೇ ಕಿರಿಕಿರಿ. ಬೀರಿನ ಕೆಳಗೆ ದಿನಾ ಒಂದು ಹಿಡಿ ಮಣ್ಣು ಬಿದ್ದಿರುತ್ತಿತ್ತು.

"ಏನೇ, ನೀನು ಗುಡಿಸೋದೇ ಹಿಂಗಾ?"

"ದಿನಾ ಗುಡಿಸ್ತೀನಿ ಕಣ್ರೀ, ದಿನಾ ಬೀಳ್ತದೆ. ಬಗ್ಗಿ ನೋಡಿ ಸ್ವಲ್ಪ."

"ನಾನೇ ಬಗ್ಗಿ ನೋಡೋದಾದ್ರೆ ನೀನ್ಯಾಕೆ ಇದೀಯ?"

ಪ್ರದರ್ಶನಕ್ಕೆ ಮೂರು ದಿನ ಇದೆ ಅನ್ನುವಾಗ, ಬೆಳಿಗ್ಗೆ ಎದ್ದು ನೋಡಿದರೆ ಅರಮನೆ ಖಾಲಿ. ಸುರಂಗ ಇದೆ, ಸಿಪ್ಪೆಯ ಹಾಸಿಗೆ ಇದೆ, ಹಾಸಿಗೆಯ ಮೇಲೆ ಯಾರೂ ಇಲ್ಲ. ಮುಚ್ಚಳದ ಚಿಲಕ ಹಾಕಿದ್ದು ಹಾಗೇ ಇದೆ. ವಿಮಲಾ ಅಳಲಿಲ್ಲ. ಅಪ್ಪನ ಕೈಯನ್ನು ಒಂದು ಸಲ ನೋಡಿ ಗೆಳತಿಯ ಮನೆಗೆ ಹೋದಳು.

ಆ ನೋಟಕ್ಕೆ ಕರಿಸಿದ್ದಪ್ಪನ ಎದೆ ಸುಟ್ಟಿತು. ಎದೆ ಸುಟ್ಟಾಗಲೆಲ್ಲ ಅವನ ಬಾಯಿಗೆ ಇನ್ನೊಬ್ಬರ ಹೆಸರು ಬೇಕು. ಚಿಲಕ ಹಾಕಿದೆ ಅಂದರೆ ತೆಗೆದು ಹಾಕಿದ್ದಾರೆ. ತೆಗೆದು ಹಾಕಿದ್ದಾರೆ ಅಂದರೆ ಕಳವು. ಇವುಗಳ ಬೆಲೆ ಗೊತ್ತಿರೋನು ಯಾರು? ನಿನ್ನೆ ಸಂಜೆ ಕತ್ತಲಾಗೋ ಹೊತ್ತಿಗೆ ಗಿರಣಿಗೆ ಬಂದು, ಹೊಟ್ಟಿನ ಮೂಟೆಗಳ ಹತ್ತಿರ ಅರ್ಧ ಗಂಟೆ ಸುಳಿದಾಡಿ, ಟವೆಲ್ಲು ಮುಚ್ಚಿಕೊಂಡು ಅವಸರದಲ್ಲಿ ಹೋದೋನು ಯಾರು?

ಮಾರನೇ ದಿನ ಸೋಮವಾರ. ಗಿರಣಿ ತುಂಬ ಜನ. ಮಂಜಪ್ಪ ಸೀಮೆಎಣ್ಣೆ ಟಿನ್ನೊಂದನ್ನು ಟವೆಲ್ಲಿನಲ್ಲಿ ಮುಚ್ಚಿ, ಎರಡು ಕೈಯಲ್ಲಿ ಹಿಡಿದುಕೊಂಡು ಬಂದ. ಟವೆಲ್ಲಿನೊಳಗೆ ಪರಪರ ಸದ್ದು.

ಕರಿಸಿದ್ದಪ್ಪ ಗಿರಣಿ ನಿಲ್ಲಿಸಿದ. "ಏನೋ ಅದು? ಕಳ್ಳನನ್ಮಗನೆ, ಕದ್ದ ಮಾಲನ್ನ ನಮ್ಮನೆ ಬಾಗಿಲಿಗೇ ತಂದಿದೀಯಾ? ನಿಮ್ಮಂಥೋರನ್ನ ಈ ಹೊಸಿಲು ದಾಟಿಸಿದ್ದೇ ನಂದು ತಪ್ಪು."

ಮೊದಲ ಮಾತಿಗೆ ಸರದಿಯವರು ಕತ್ತು ಚಾಚಿದ್ದರು. 'ನಿಮ್ಮಂಥೋರು' ಅಂದ ತಕ್ಷಣ ಕೆಲವರು ನೆಲ ನೋಡಿದರು. ಆ ಮಾತು ಯಾವ ಕೇರಿಯವರೆಗೆ ಹೋಗುತ್ತದೆ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆಡಿದವನಿಗೂ ಗೊತ್ತಿತ್ತು. ಬಾಯಿಂದ ಬಿದ್ದಾಗಿತ್ತು. ಗಲಾಟೆ ಕೇಳಿ ಒಳಗಿನಿಂದ ವಿಮಲಾ ಬಂದು ನಿಂತಿದ್ದೂ ಆಗಿತ್ತು.

ಮಂಜಪ್ಪ ಟಿನ್ನನ್ನು ಮೆಲ್ಲಗೆ ಕೆಳಗಿಟ್ಟು ಟವೆಲ್ಲು ತೆಗೆದ. ಟಿನ್ನಿನ ಒಂದು ಪಕ್ಕ ಕತ್ತರಿಸಿ ಗಾಜು ಕೂರಿಸಿದ್ದ. ಒಳಗೆ ಮರಳು, ಒಂದು ಬಿದಿರಿನ ಕೊಳವೆ, ಅರ್ಧ ಕಡಿದ ಕಟ್ಟಿಗೆ ತುಂಡು. ಮರಳಿನಲ್ಲಿ ಎರಡೂ ಪ್ರಾಣಿಗಳು.

"ಮೊನ್ನೆ ಸಂಜೆ ಹೊಟ್ಟಿನ ಮೂಟೆ ಹಿಂದೆ ಕಂಡವು ಯಜಮಾನ್ರೇ," ಅಂದ. "ಹಿಡಿದು ಆಗಲೇ ನಿಮ್ಮ ಕೈಗೆ ಕೊಡಬೇಕಾಗಿತ್ತು. ನೀವು ದೊಣ್ಣೆ ಹಿಡ್ಕೊಂಡು ಮೂಟೆ ತಟ್ತಾ ಇದ್ರಿ. ಹೋದ ಸಲದ್ದು ನೆನಪಾಗಿ ಭಯ ಆಯ್ತು. ಸ್ಕೂಲಿಗೆ ತಗೊಂಡು ಹೋಗಿ ಇಟ್ಟೆ. ನಿನ್ನೆ ಭಾನುವಾರ, ಟಿನ್ನಿಗೆ ಗಾಜು ಸಿಗೋದು ತಡ ಆಯ್ತು."

"ಸುಳ್ಳು," ಅಂದ ಕರಿಸಿದ್ದಪ್ಪ. "ಚಿಲಕ ಹಾಕಿದ್ದು ಹಾಗೇ ಇದೆ. ತಳ ಸಾಗುವಾನಿ. ಎಲ್ಲಿಂದ ಹೋಗ್ತಾವೆ? ಬನ್ರಯ್ಯ, ಎಲ್ಲಾ ಬಂದು ನೋಡಿ."

ಸರದಿ ಸಮೇತ ಪಡಸಾಲೆಗೆ ನಡೆದ. ಬೀರನ್ನು ಎರಡೂ ಕೈಯಲ್ಲಿ ತಬ್ಬಿ, ತಳ ತೋರಿಸೋಣ ಅಂತ ದಮ್ಮು ಕಟ್ಟಿ ಎತ್ತಿದ. ನಾಲ್ಕು ಗೋಡೆ ಕೈಗೆ ಬಂದವು. ಮಿಕ್ಕಿದ್ದು ಬರಲಿಲ್ಲ. ಹುತ್ತದ ಮಣ್ಣು ಧೊಪ್ಪನೆ ನೆಲಕ್ಕೆ ಬಿತ್ತು, ಅದರ ಮೇಲೆ ಏಣಿ, ಉಯ್ಯಾಲೆ, ಕಮಾನು ಒಂದೊಂದಾಗಿ ಬಿದ್ದವು. ಹಲಗೆ ಇದ್ದ ಜಾಗದಲ್ಲಿ ಬಿಸ್ಕತ್ತಿನಂಥ ಒಂದಿಷ್ಟು ಚೂರು. ಚೂರುಗಳ ಮೇಲೆ ಬೆಳ್ಳಗೆ ಗೆದ್ದಲು ಹರಿದಾಡುತ್ತಿದ್ದವು. ಮೂಗಿನವರೆಗೆ ಮಣ್ಣು ಮೆತ್ತಿಕೊಂಡ ಕರಿಸಿದ್ದಪ್ಪ, ತಳವಿಲ್ಲದ ತಿಂಡಿ ಬೀರು ತಬ್ಬಿಕೊಂಡು ಗಾಜಿನ ಹಿಂದೆ ನಿಂತಿದ್ದ.

ಈ ಸಲ ಯಾರೂ ನಗಲಿಲ್ಲ. ನಗಲಿ ಅಂತ ಅವನು ಕಾದ.

"ಸಾಗುವಾನಿ ಅಲ್ಲ, ಮಾವು," ಅಂದಳು ಮಲ್ಲಿಕಾಂಬ, ಪೊರಕೆ ತರುತ್ತಾ.

ಆಗ ವಿಮಲಾ ಹತ್ತಿರ ಬಂದಳು. ಅಪ್ಪನ ಮುಖ ನೋಡಿದಳು. ತಿಂಗಳಿನಿಂದ ಅವನು ಕಾಯುತ್ತಿದ್ದ ಮಾತು, ಪೋಸ್ಟಾಫೀಸಿನ ಮೂಲಕ ಅಲ್ಲ, ನೇರವಾಗಿ ಬಂತು.

"ಅಪ್ಪಾಜಿ, ನೀವು ಒಳಗೆ ಹೋಗಿ."

ಹೋದ.

ಪ್ರದರ್ಶನದ ದಿನ ಟಿನ್ನನ್ನು ತೊಡೆಯ ಮೇಲಿಟ್ಟುಕೊಂಡು ತರೀಕೆರೆಗೆ ಒಯ್ದವನು ಕರಿಸಿದ್ದಪ್ಪನೇ. ದಾರಿಯುದ್ದಕ್ಕೂ ಬಸ್ಸು ಕುಲುಕಿದಾಗಲೆಲ್ಲ ಮೊಣಕಾಲು ಎತ್ತಿ ಎತ್ತಿ ಹಿಡಿದ. ಬಹುಮಾನ ಕೊಡೋಕೆ ಬಂದವರು ಎರಡು ಸಲ ಬಗ್ಗಿ ನೋಡಿ, ಈ ಗೂಡು ಮಾಡಿದ್ದು ಯಾರು ಅಂತ ಕೇಳಿದರು.

"ನಮ್ಮ ಸ್ಕೂಲಿನ ಮಂಜಪ್ಪಣ್ಣ," ಅಂದಳು ವಿಮಲಾ.

"ನೀವು?" ಅಂತ ಅವರು ಕರಿಸಿದ್ದಪ್ಪನ ಕಡೆ ತಿರುಗಿದರು.

"ಹೊತ್ಕೊಂಡು ಬಂದೋನು ಸ್ವಾಮಿ," ಅಂದ ಅವನು.

ಎರಡನೇ ಬಹುಮಾನ ಬಂತು. ಮನೆಯಲ್ಲಿ ಮಾತುಕತೆಯೂ ಮೊದಲಿನಂತೆ ಆಯಿತು. ಆದರೆ ಮಂಜಪ್ಪನಿಗೆ ಒಂದು ಮಾತು ಹೇಳಬೇಕಿತ್ತು. ಬೈದದ್ದು ಹತ್ತು ಜನರ ಮುಂದೆ, ಹೇಳುವುದೂ ಹತ್ತು ಜನರ ಮುಂದೆಯೇ ಆಗಬೇಕು ಅನ್ನುವಷ್ಟು ನ್ಯಾಯ ಕರಿಸಿದ್ದಪ್ಪನಿಗೆ ಗೊತ್ತಿತ್ತು. ಮಂಜಪ್ಪ ವಾರಕ್ಕೊಂದು ಸಲ ರಾಗಿ ತರುತ್ತಿದ್ದ. ಹೊಸಿಲು ಮಾತ್ರ ದಾಟುತ್ತಿರಲಿಲ್ಲ. ಚೀಲವನ್ನು ಹೊರಗಿನ ಕಟ್ಟೆಯ ಮೇಲಿಟ್ಟು ನಿಲ್ಲುತ್ತಿದ್ದ. ಪ್ರತಿ ಸಲವೂ ಕರಿಸಿದ್ದಪ್ಪ ತಾನೇ ಹೊರಗೆ ಹೋಗಿ ಚೀಲ ಎತ್ತಿಕೊಂಡು ಬರುತ್ತಿದ್ದ. ಬಾಯಿ ತೆರೆಯುತ್ತಿದ್ದ. ಮತ್ತೆ ಮುಚ್ಚುತ್ತಿದ್ದ. ಆಗ ಒಳಗೆ ಹೋಗಿ ಆ ರಾಗಿಯನ್ನು ಒಂದು ಸಲ ಬೀಸಿ, ಮನಸ್ಸು ತಡೆಯದೆ ಇನ್ನೊಂದು ಸಲ ಬೀಸಿ, ಮುಖಕ್ಕೆ ಹಚ್ಚುವ ಪೌಡರಿನಂತೆ ಮಾಡಿ ಕೊಡುತ್ತಿದ್ದ.

ಹೀಗೇ ಎರಡು ತಿಂಗಳು ನಡೆಯಿತು. ಒಂದು ಸೋಮವಾರ ಮಂಜಪ್ಪ ಚೀಲ ಕೊಡುತ್ತಾ ತಡೆದು ನಿಂತ.

"ಯಜಮಾನ್ರೇ, ಒಂದು ಮಾತಿತ್ತು."

ಕರಿಸಿದ್ದಪ್ಪ ಓಡಿಹೋಗಿ ಗಿರಣಿ ನಿಲ್ಲಿಸಿ ಬಂದ. ಸರದಿಯವರೆಲ್ಲ ತಿರುಗಿ ನೋಡಿದರು. ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ ಅಂತ ಅವನಿಗೇ ಅನ್ನಿಸಿತು.

"ಒಂದೇ ಸಲ ಬೀಸಿ ಸಾಕು," ಅಂದ ಮಂಜಪ್ಪ. "ಎರಡು ಸಲ ಬೀಸಿದ್ರೆ ಹಿಟ್ಟು ಕಾದು ಜಿಗಿ ಹೋಗ್ತದೆ. ಮುದ್ದೆ ಕಟ್ಟಲ್ಲ ಅಂತ ನನ್ನ ಹೆಂಡ್ತಿ ಹುಲಿಯಮ್ಮ ದಿನಾ ಬೈತಾಳೆ."

ಕರಿಸಿದ್ದಪ್ಪ ಬಾಯಿ ತೆರೆದ. ಹತ್ತು ಜನ ಕಾದರು.

"ಆಯ್ತು," ಅಂದ. ಚೀಲ ತಗೊಂಡು ಒಳಗೆ ಹೋಗಿ, ಒಂದೇ ಸಲ ಬೀಸಿದ.