ಕೊಂಕಪ್ಪ ಮತ್ತು ಏಳೂವರೆಯ ರಿಮೋಟು

ಕಥೆಗಳಲ್ಲಿ ಬರುವ ನಾಯಕರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಕಾಲೇಜಿನಲ್ಲಿ ಪಾಠ ಹೇಳುವವನು ಇಂಥ ಮಾತನ್ನು ಬಹಿರಂಗವಾಗಿ ಆಡಬಾರದು ಎಂದು ಇಷ್ಟು ವರ್ಷ ಸುಮ್ಮನಿದ್ದೆ. ಆದರೆ ನೀವೇ ಯೋಚಿಸಿ ನೋಡಿ, ನಾಯಕನಿಗೆ ಸ್ವಂತದ್ದು ಅಂತ ಏನು ಕೆಲಸ ಇರುತ್ತದೆ? ಖಳ ಬೆಳಿಗ್ಗೆ ಬೇಗ ಎದ್ದು, ನಾಲ್ಕು ಜನರನ್ನು ಒಟ್ಟುಮಾಡಿ, ಉಯಿಲು ತಿದ್ದಿಸಿ, ಹಾಲಿಗೆ ಏನೋ ಪುಡಿ ಬೆರೆಸಿ, ಒಬ್ಬರನ್ನು ಗೋಡೌನಿನಲ್ಲಿ ಕೂಡಿಹಾಕಿ, ಸಂಜೆಯ ಹೊತ್ತಿಗೆ ಕಥೆಯನ್ನು ಒಂದು ದಡಕ್ಕೆ ತಂದಿರುತ್ತಾನೆ. ಅಲ್ಲಿಯವರೆಗೂ ನಾಯಕ ಬೈಕಿನ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಿರುತ್ತಾನೆ. ಖಳ ಒಂದು ದಿನ ರಜೆ ಹಾಕಿದರೆ ನಾಯಕನಿಗೆ ಅಂದು ಮಾಡಲು ಏನೂ ಇರುವುದಿಲ್ಲ. ಖಳನಿಗೆ ಒಂದು ಯೋಜನೆ ಇರುತ್ತದೆ. ನಾಯಕನಿಗೆ ಒಬ್ಬ ತಾಯಿ ಇರುತ್ತಾಳೆ, ಅಷ್ಟೆ.

ನನಗೂ ಒಬ್ಬ ತಾಯಿ ಇದ್ದಾಳೆ. ಆ ಲೆಕ್ಕದಲ್ಲಿ ನಾನೂ ನಾಯಕನೇ. ತೊಂದರೆ ಏನೆಂದರೆ, ಈಚೆಗೆ ಈ ವಿಷಯ ನನ್ನ ತಾಯಿಗೆ ಗೊತ್ತಿಲ್ಲ.

ಅದಕ್ಕೆ ಬರುವ ಮೊದಲು ನನ್ನ ಅಚ್ಚುಮೆಚ್ಚಿನ ಖಳನನ್ನು ನಿಮಗೆ ಪರಿಚಯಿಸಬೇಕು. ಅವನ ಹೆಸರು ಕೊಂಕಪ್ಪ. ಯಾವ ಪುಸ್ತಕದಲ್ಲೂ ಅವನು ಸಿಗುವುದಿಲ್ಲ. ರಾಜಾಜಿನಗರದ ನಮ್ಮ ಹಳೆಯ ಬಾಡಿಗೆ ಮನೆಯ ತಾರಸಿಯ ಮೇಲೆ ಕೂರಿಸಿಕೊಂಡು ಅಮ್ಮ ನನಗೆ ತುತ್ತು ಕೊಡುವಾಗ ಅವನು ಬರುತ್ತಿದ್ದ. ಕೆಂಗೇರಿಯ ರೈಲ್ವೆ ಗೇಟು ದಾಟಿದ ಮೇಲೆ ಹಳಿ ತಪ್ಪಿ ನಿಂತ ಒಂದು ಗೂಡ್ಸ್ ಡಬ್ಬಿಯಲ್ಲಿ ಅವನ ವಾಸ. ಒಂದು ಭುಜ ಮೇಲೆ, ಒಂದು ಭುಜ ಕೆಳಗೆ. ಯಾವ ಮನೆಯಲ್ಲಿ ಮಗು ತಟ್ಟೆಯಲ್ಲಿ ಅನ್ನ ಬಿಟ್ಟಿದೆ ಎಂದು ಅಲ್ಲಿಂದಲೇ ವಾಸನೆ ಹಿಡಿದು, ನೀರಿನ ಪೈಪು ಹತ್ತಿಕೊಂಡು ಬಂದು ತಿಂದುಬಿಡುತ್ತಿದ್ದ. ಹಲ್ಲುನೋವಿನ ಮನುಷ್ಯನಾದ್ದರಿಂದ ಮೊಸರನ್ನವೆಂದರೆ ವಿಶೇಷ ಪ್ರೀತಿ. ಆದರೆ ಮರ್ಯಾದಸ್ಥ, ಕದಿಯುವುದಕ್ಕೇ ಬಂದರೂ ಎರಡು ಸಲ ಕೆಮ್ಮದೆ ಒಳಗೆ ಕಾಲಿಡುತ್ತಿರಲಿಲ್ಲ. ಆ ಕೆಮ್ಮನ್ನು ಅಮ್ಮ ಕೆಮ್ಮುತ್ತಿದ್ದಳು, ಸೆರಗು ಬಾಯಿಗೆ ಅಡ್ಡ ಹಿಡಿದು, ಎದೆಯ ಆಳದಿಂದ. ನಾನು ಹೆದರಿ ಬಾಯಿ ತೆರೆಯುತ್ತಿದ್ದೆ, ತುತ್ತು ಒಳಗೆ ಹೋಗುತ್ತಿತ್ತು.

ಕಥೆಯಲ್ಲಿ ಒಬ್ಬ ರಾಜಕುಮಾರನೂ ಇದ್ದ. ಅವನಿಗೆ ಹೆಸರಿರಲಿಲ್ಲ, ಮನೆಯಿರಲಿಲ್ಲ, ಹಲ್ಲುನೋವಂತೂ ಇರಲೇ ಇಲ್ಲ. ತಟ್ಟೆ ಖಾಲಿಯಾದ ಮೇಲೆ ಕುದುರೆಯ ಮೇಲೆ ಬಂದು ಕೊಂಕಪ್ಪನನ್ನು ಓಡಿಸಿಬಿಡುತ್ತಿದ್ದ. ರಾಜಕುಮಾರ ಬಂದ ಎಂದರೆ ಊಟ ಮುಗಿಯಿತು, ಎದ್ದು ಕೈ ತೊಳೆ ಎಂದರ್ಥ. ಇಂಥವನನ್ನು ಯಾವ ಮಗು ತಾನೇ ಪ್ರೀತಿಸೀತು?

ಇಷ್ಟು ವಿವರವಾಗಿ ಹೇಳಿದೆನಲ್ಲ, ಇದರಲ್ಲಿ ನಿಜ ಎಷ್ಟು ಎಂದು ಕೇಳಿದರೆ ನಾನು ಪ್ರಮಾಣ ಮಾಡಲಾರೆ. ನಾಗರಬಾವಿಯ ಕಡೆಯ ಕ್ಯಾಂಪಸ್ಸಿನಲ್ಲಿ ತತ್ತ್ವಶಾಸ್ತ್ರ ಓದಿದವನು ನಾನು. ಅಲ್ಲಿ ನನಗೆ ಕೈಹಿಡಿದು ಕಲಿಸಿದ್ದು ಅನುಮಾನ ಪಡುವುದನ್ನು. ಕಣ್ಣೆದುರಿನ ಮೇಜನ್ನೂ ಅನುಮಾನಿಸು ಎಂದರು. ಮೇಜು ಹೇಗೋ ಉಳಿದುಕೊಂಡಿತು, ನನ್ನ ನೆನಪುಗಳು ಒಂದೊಂದಾಗಿ ಅಲುಗಾಡತೊಡಗಿದವು. ಕೊಂಕಪ್ಪನ ವಿಷಯದಲ್ಲಿ ಸಾಕ್ಷಿ ಹುಡುಕೋಣವೆಂದು ಕೆಂಗೇರಿಯಲ್ಲಿರುವ ಅಕ್ಕನಿಗೆ ಫೋನು ಮಾಡಿದೆ.

“ಯಾವನೋ ಕೊಂಕಪ್ಪ?” ಎಂದಳು ಅಕ್ಕ. “ಅಮ್ಮಂಗೆ ಕಥೆ ಹೇಳೋಕೆ ಪುರುಸೊತ್ತು ಎಲ್ಲಿತ್ತೋ? ನಂಗಂತೂ ನಾಲ್ಕು ತುತ್ತು ಬಾಯಿಗೆ ತುರುಕಿ, ಏಳು ಏಳು ಅಂತಿದ್ಲು. ನೀನು ಎಲ್ಲೋ ಓದಿರ್ತೀಯ, ಇಲ್ಲ ಕನಸು ಕಂಡಿರ್ತೀಯ.”

“ನಿಮ್ಮನೆ ಹತ್ರದ ರೈಲ್ವೆ ಗೇಟಲ್ಲೇ ಇದ್ದ ಕಣೇ ಅಕ್ಕ.”

“ಇಲ್ಲಿ ಈಗ ಮೆಟ್ರೋ ಬಂದಿದೆ, ಅದನ್ನ ಹತ್ತಿ ಬಾ, ಇಬ್ರೂ ಸೇರಿ ಹುಡುಕೋಣ” ಎಂದು ನಕ್ಕು ಫೋನಿಟ್ಟಳು.

ಇನ್ನು ಉಳಿದ ಸಾಕ್ಷಿ ಒಬ್ಬಳೇ. ಆ ಸಾಕ್ಷಿ ಬಸವೇಶ್ವರನಗರದ ನಮ್ಮ ಮನೆಯ ನಡುಮನೆಯಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾಳೆ. ಒಂದು ಸಂಜೆ ನಾನು ಕಾಲೇಜಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಅವಳು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. “ಬನ್ನಿ, ಕೂತ್ಕೊಳ್ಳಿ. ಕಾಫಿ ತಗೋತೀರಾ? ವೀಣಾ, ಯಾರೋ ಬಂದಿದಾರೆ ನೋಡೇ” ಎಂದಳು. ಹೆತ್ತ ತಾಯಿ ಬಹುವಚನದಲ್ಲಿ ಮಾತಾಡಿಸಿದರೆ ಎಲ್ಲಿ ನೋಯುತ್ತದೆ ಎಂಬುದು ನನಗೆ ಆ ದಿನ ತಿಳಿಯಿತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಮರ್ಯಾದೆ ಕೊಟ್ಟುಬಿಟ್ಟಳು. ಡಾಕ್ಟರು ಈ ಮರೆವಿಗೆ ಒಂದು ಹೆಸರು ಹೇಳಿ, ಇದು ಹೀಗೇ ಹೋಗುತ್ತದೆ ಎಂದರು. ಹಿಂದಕ್ಕೆ ಬರುತ್ತದೆಯೇ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ಆಶ್ಚರ್ಯವೆಂದರೆ ಅವಳು ಎಲ್ಲರನ್ನೂ ಮರೆತಿರಲಿಲ್ಲ. ನನ್ನ ಹೆಂಡತಿ ವೀಣಾ ಚೆನ್ನಾಗಿ ನೆನಪಿದ್ದಳು. ಅತ್ತೆ ಸೊಸೆಗೆ ಮದುವೆಯಾದ ವಾರದಿಂದ ಸಾರಿನ ಬೆಲ್ಲದ ವಿಷಯದಲ್ಲಿ ಯುದ್ಧ ನಡೆಯುತ್ತಿದೆ. “ಇವತ್ತೂ ನಿಮ್ಮಮ್ಮನ ಮನೆ ಪಾಯಸಾನೇ ಮಾಡಿದೀಯಾ, ಇಲ್ಲ ಸಾರು ಮಾಡಿದೀಯಾ?” ಎಂದು ಅಮ್ಮ ಈಗಲೂ ಹೆಸರು ಹಿಡಿದು ಕೂಗುತ್ತಾಳೆ. ಎರಡನೆಯವಳು ಏಳೂವರೆಯ ಧಾರಾವಾಹಿಯ ಖಳನಾಯಕಿ. ಅವಳಿಗೆ ಅಮ್ಮ ಇಟ್ಟ ಹೆಸರು ಹುಬ್ಬಿನವಳು. ಯಾರದಾದರೂ ಸಂಸಾರ ಮುರಿಯಬೇಕೆಂದಾಗ ಅವಳ ಎಡಗಡೆಯ ಹುಬ್ಬು ಮಾತ್ರ ಮೇಲೇರುತ್ತದೆ. ಅವಳು ಯಾರ ಹಾಲಿಗೆ ಏನು ಹಾಕಿದಳು, ಯಾರ ತಾಳಿ ಎಲ್ಲಿ ಬಚ್ಚಿಟ್ಟಳು ಎಂಬುದೆಲ್ಲ ಅಮ್ಮನ ಬಾಯಲ್ಲಿದೆ. ಅಳುವ ನಾಯಕಿ ಮಾತ್ರ ದಿನಾ ಹೊಸಬಳು. “ಯಾರೇ ಈ ಹುಡುಗಿ, ಪಾಪ, ಇವತ್ತು ಸೇರ್ಕೊಂಡ್ಲಾ?” ಎಂದು ಕೇಳುತ್ತಾಳೆ.

ಒಂದು ರಾತ್ರಿ ಊಟಕ್ಕೆ ಕೂತಾಗ ನಾನು ವೀಣಾಳ ಮುಂದೆ ಗೋಳಾಡಿದೆ. ಒಂದು ದಿನ ಎದುರು ಮಾತಾಡಿದವನಲ್ಲ, ಹೇಳಿದ ಕೆಲಸ ಇಲ್ಲವೆಂದವನಲ್ಲ, ನನ್ನನ್ನೇ ಮರೆಯಬೇಕೆ?

“ಅದಕ್ಕೇ ಮರೆತಿದ್ದು ರೀ” ಎಂದಳು ವೀಣಾ, ತಟ್ಟೆಯಿಂದ ತಲೆಯೆತ್ತದೆ. “ನೆನಪಿಟ್ಕೊಳ್ಳೋ ಅಂಥದ್ದು ನೀವು ಏನು ಮಾಡಿದೀರಾ? ನಾವಿಬ್ರೂ ಜಗಳ ಆಡುವಾಗೆಲ್ಲ ಪೇಪರ್ ಹಿಡ್ಕೊಂಡು ಬಾಲ್ಕನಿಗೆ ಹೋಗ್ತಿದ್ರಿ. ಅತ್ತೆಗೆ ಪೇಪರ್ ನೆನಪಿರಬಹುದು, ಕೇಳಿ ನೋಡಿ.”

ಮನೆಗೆ ತರ್ಕಶಾಸ್ತ್ರದ ಮೇಷ್ಟ್ರು ನಾನು, ವಾದ ಗೆದ್ದವಳು ಅವಳು. ಖಳರು ನಾಯಕರಿಗಿಂತ ಮಿಂಚುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ಭಾಷಣ ಬಿಗಿಯುತ್ತಿದ್ದವನು, ಅದರ ಅರ್ಥ ಮನೆಯಲ್ಲಿ ಏನಾಗುತ್ತದೆ ಎಂದು ಯೋಚಿಸಿಯೇ ಇರಲಿಲ್ಲ. ಅಂದೇ ತೀರ್ಮಾನಿಸಿದೆ: ಇನ್ನು ನಾನೂ ಖಳನಾಗಬೇಕು.

ಈ ವಯಸ್ಸಿನಲ್ಲಿ ಹೊಸದಾಗಿ ಖಳನಾಗುವುದು ಸುಲಭವಲ್ಲ. ಮೊದಲು ಕನ್ನಡಿಯ ಮುಂದೆ ನಿಂತು ಒಂದೇ ಹುಬ್ಬು ಏರಿಸಲು ನೋಡಿದೆ. ಎರಡೂ ಒಟ್ಟಿಗೇ ಏರಿ, ಬಸ್ಸು ತಪ್ಪಿಸಿಕೊಂಡವನ ಮುಖವಾಯಿತು. ಬೇರೆ ದುಷ್ಟತನಗಳು ಹೊಳೆಯಲಿಲ್ಲ. ಕೊನೆಗೆ ಮರುದಿನ ಏಳೂವರೆಗೆ, ಹುಬ್ಬಿನವಳು ಹಾಲಿನ ಲೋಟ ಕೈಗೆತ್ತಿಕೊಂಡ ಗಳಿಗೆಗೆ ಸರಿಯಾಗಿ, ಅಮ್ಮನ ಪಕ್ಕದಲ್ಲಿದ್ದ ರಿಮೋಟು ಎತ್ತಿಕೊಂಡು ಚಾನೆಲ್ ಬದಲಾಯಿಸಿದೆ. ಪರದೆಯ ಮೇಲೆ ಕುರಿ ಸಾಕಾಣಿಕೆಯ ಕಾರ್ಯಕ್ರಮ ಬಂತು.

ಅಮ್ಮ ಒಂದು ಕ್ಷಣ ಕುರಿಗಳನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. “ಏಯ್! ಕೊಡೋ ಇಲ್ಲಿ! ನಿಮ್ಮಪ್ಪನ ಮನೆ ಟೀವಿನೇನೋ ಅದು?”

ನಮ್ಮಪ್ಪನ ಮನೆಯದೇ, ಆದರೆ ಅದು ಬೇರೆ ಮಾತು. ಏಕವಚನ! ಎಷ್ಟು ದಿನಗಳಾಗಿತ್ತು ಅದನ್ನು ಕೇಳಿ! ಕಣ್ಣು ಮಂಜಾಗಿ ರಿಮೋಟಿನ ಗುಂಡಿ ಕಾಣದೆ, ಕುರಿಗಳನ್ನು ಇನ್ನೂ ಸ್ವಲ್ಪ ಹೊತ್ತು ಹಾಗೇ ಬಿಟ್ಟೆ.

ಮರುದಿನ ಅಮ್ಮ ವೀಣಾಳನ್ನು ಕೇಳಿದಳಂತೆ: “ಆ ಕುರಿ ಹಾಕೋ ಮುಂಡೇದು ಇವತ್ತೂ ಬರುತ್ತೇನೇ?” ನಿನ್ನೆಯ ನಾನು ಅವಳಿಗೆ ಇಂದು ನೆನಪಿದ್ದೆ! ಕೆಲಸಕ್ಕೆ ಸೇರಿದ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಅಂದಿನಿಂದ ಏಳೂವರೆ ತಪ್ಪಿಸಲಿಲ್ಲ. ಅಮ್ಮನೂ ಚುರುಕಾದಳು. ರಿಮೋಟನ್ನು ಒಂದು ದಿನ ದಿಂಬಿನ ಚೀಲದೊಳಗೆ, ಒಂದು ದಿನ ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಳು. ಬೆಳಿಗ್ಗೆ ತಿಂಡಿ ತಿಂದದ್ದನ್ನು ಮರೆಯುವವಳು ಸಂಜೆಯ ಯುದ್ಧಕ್ಕೆ ಮಧ್ಯಾಹ್ನದಿಂದಲೇ ಸಿದ್ಧಳಾಗುತ್ತಿದ್ದಳು. “ಅತ್ತೆ ಇವತ್ತು ಎರಡು ತುತ್ತು ಜಾಸ್ತಿ ಊಟ ಮಾಡಿದ್ರು. ಶಕ್ತಿ ಬೇಕಂತೆ” ಎಂದಳು ವೀಣಾ.

ಆಮೇಲೆ ಒಂದು ಸಂಜೆ ಕುರುಬರಹಳ್ಳಿಯಿಂದ ನಡೆದುಕೊಂಡು ಬಂದೆ. ಅಗೆದು ಬಿಟ್ಟ ರಸ್ತೆಯ ಧೂಳು ಗಂಟಲಿಗೆ ಹೊಕ್ಕಿತ್ತು. ಬಾಗಿಲಲ್ಲಿ ನಿಂತು ಎರಡು ಸಲ ಜೋರಾಗಿ ಕೆಮ್ಮಿದೆ. ಒಳಗೆ ಅಮ್ಮನ ದನಿ ಕೇಳಿಸಿತು, ನಲವತ್ತೈವತ್ತು ವರ್ಷ ಹಿಂದಿನ ತಾರಸಿಯ ಮೇಲಿನ ದನಿ:

“ರಿಮೋಟ್ ಬಚ್ಚಿಡೇ ವೀಣಾ, ಕೊಂಕಪ್ಪ ಬಂದ!”

ಕೊಂಕಪ್ಪನ ವಿಷಯವನ್ನು ನಾನು ಮನೆಯಲ್ಲಿ ಅಮ್ಮನೆದುರು ಎತ್ತಿರಲೇ ಇಲ್ಲ. ಬಾಗಿಲಲ್ಲೇ ನಿಂತು ಅಕ್ಕನಿಗೆ ಫೋನು ಮಾಡಿ, ನೋಡು, ಅವನು ಇದ್ದ, ಅಮ್ಮನೇ ಹೇಳಿದಳು ಎಂದೆ. ಈ ಸಲ ಅಕ್ಕ ನಗಲಿಲ್ಲ. “ಹಾಗಾದ್ರೆ ನಿಂಗೊಬ್ಬನಿಗೇ ಹೇಳ್ತಿದ್ಲು ಬಿಡು” ಎಂದಳು. ಸಾಕ್ಷಿ ಸಿಕ್ಕ ಸಂಭ್ರಮದಲ್ಲಿ ಇಂಥ ಮಾತೊಂದು ಬರಬಹುದೆಂದು ನಾನು ಅಂದುಕೊಂಡಿರಲಿಲ್ಲ.

ಅಂತೂ ನನಗೆ ಹೆಸರು ಸಿಕ್ಕಿತು, ಅದೂ ನನ್ನ ಮೆಚ್ಚಿನ ಖಳನದೇ. ಇಲ್ಲಿಗೇ ಕಥೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಒಂದು ಭಾನುವಾರ ಮಧ್ಯಾಹ್ನ, ಕೆಮ್ಮದೆ, ಖಳತನಕ್ಕೆ ರಜೆ ಹಾಕಿ, ಸುಮ್ಮನೆ ಅಮ್ಮನ ಪಕ್ಕ ಹೋಗಿ ಕೂತೆ. ಅವಳು ಅತ್ತಿತ್ತ ನೋಡಿ ನನ್ನ ಕಡೆ ಬಾಗಿದಳು.

“ನೀವು ಓದಿದೋರ ಥರ ಕಾಣ್ತೀರ, ಅದಕ್ಕೇ ಹೇಳ್ತೀನಿ. ಈ ಮನೆಗೆ ಒಬ್ಬ ಕಳ್ಳ ಬರ್ತಾನೆ, ಕೊಂಕಪ್ಪ ಅಂತ. ನಾನು ಹೆದರಲ್ಲ. ನನ್ನ ಮಗ ಇದಾನೆ, ಶೀನ. ಕಾಲೇಜಲ್ಲಿ ಮೇಷ್ಟ್ರು. ಅವನು ಬಂದ ದಿನ ಇವನ ಆಟ ಮುಗೀತು.”

“ಯಾವಾಗ ಬರ್ತಾರೆ ನಿಮ್ಮ ಮಗ?” ಎಂದೆ.

“ಬರ್ತಾನೆ. ಮೊದ್ಲಿಂದ್ಲೂ ಅವನು ನಿಧಾನ. ಎಲ್ಲಾ ಮುಗಿದ ಮೇಲೆ ಬರೋ ಹುಡುಗ. ಆದ್ರೆ ಒಳ್ಳೆಯೋನು.”

ತಡೆಯಲಾಗಲಿಲ್ಲ. “ಅಮ್ಮಾ, ನಾನೇ ಕಣಮ್ಮ ಶೀನ” ಎಂದೆ.

ಅಮ್ಮ ನನ್ನ ಮುಖವನ್ನು ಚೆನ್ನಾಗಿ ನೋಡಿದಳು. ಆಮೇಲೆ ಸೌಜನ್ಯದಿಂದ ನಕ್ಕಳು. “ನಿಮ್ಮ ಹೆಸರೂ ಶೀನಾನಾ? ಒಳ್ಳೇದಾಯ್ತು ಬಿಡಿ.”

ಆ ದಿನ ನಾನು ಖಳತನಕ್ಕೆ ರಾಜೀನಾಮೆ ಕೊಡಲು ಸಿದ್ಧನಾದೆ. ಸೈಕಲ್ಲಿಗೆ ಗಾಳಿ ಹೊಡೆಸಿಕೊಂಡು ಬರುವೆನೆಂದು ಹೋಗಿ ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದ ಒಬ್ಬ ಹುಡುಗನನ್ನು ಅವಳು ಕಾಯುತ್ತಿದ್ದಾಳೆ. ಅವನ ದಾರಿಗೆ ಅಡ್ಡವಾಗಿ ನಾನು ರಿಮೋಟು ಹಿಡಿದು ನಿಂತಿದ್ದೇನೆ. ಇನ್ನು ಸಾಕು, ಅವಳು ನೆಮ್ಮದಿಯಾಗಿ ಧಾರಾವಾಹಿ ನೋಡಲಿ ಎಂದುಕೊಂಡೆ. ಕೆಲವು ದಿನ ಕೆಮ್ಮಲಿಲ್ಲ. ಮನೆಯಲ್ಲಿ ಮತ್ತೆ “ಬನ್ನಿ, ಕೂತ್ಕೊಳ್ಳಿ” ಶುರುವಾಯಿತು. ಊಟ ತಟ್ಟೆಯಲ್ಲೇ ಉಳಿಯತೊಡಗಿತು.

ಆ ವಾರವೇ ಧಾರಾವಾಹಿ ಮುಗಿಯಿತು. ಕೊನೆಯ ಕಂತನ್ನು ಮೂವರೂ ಕೂತು ನೋಡಿದೆವು. ಹುಬ್ಬಿನವಳಿಗೆ ಪಶ್ಚಾತ್ತಾಪವಾಗಿತ್ತು. ಒಡವೆ ಕಳಚಿಟ್ಟು, ಬಿಳಿ ಸೀರೆ ಉಟ್ಟು, ಎರಡು ಹುಬ್ಬನ್ನೂ ಒಂದೇ ಮಟ್ಟದಲ್ಲಿಟ್ಟುಕೊಂಡು ಬಂದು ನಾಯಕಿಯ ಕಾಲು ಹಿಡಿದು ಅತ್ತಳು. ಹಿನ್ನೆಲೆಯಲ್ಲಿ ಕೊಳಲು. ಅಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

“ಯಾರೇ ಇವಳು?” ಎಂದಳು. “ಹುಬ್ಬಿನವಳು ಎಲ್ಲಿ?”

ವೀಣಾ ನನ್ನ ಕಡೆ ನೋಡಿದಳು. ಒಳ್ಳೆಯವಳಾದ ಗಳಿಗೆಯಲ್ಲೇ ಹುಬ್ಬಿನವಳು ಅಮ್ಮನ ಮನಸ್ಸಿನಿಂದ ಹೊರಗೆ ಬಿದ್ದಿದ್ದಳು, ನನ್ನ ಹಾಗೆಯೇ. ಇನ್ನು ನಮ್ಮ ಮನೆಯಲ್ಲಿ ಬೆಲ್ಲದ ಸಾರಿನವಳು ಬಿಟ್ಟರೆ ಖಳರೆಂದು ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಮರುದಿನ ಸಂಜೆ ಏಳೂವರೆಗೆ ಬೇರೊಂದು ಧಾರಾವಾಹಿ ಶುರುವಾಗಿತ್ತು. ಬಾಗಿಲ ಹೊರಗೆ ನಿಂತು, ಒಂದು ಭುಜ ಮೇಲೆ ಒಂದು ಭುಜ ಕೆಳಗೆ ಮಾಡಿಕೊಂಡು, ಎರಡು ಸಲ ಕೆಮ್ಮಿ ಒಳಗೆ ಕಾಲಿಟ್ಟೆ. ಅಮ್ಮ ರಿಮೋಟನ್ನು ಮಡಿಲಿಗೆ ಎಳೆದುಕೊಂಡು ನೆಟ್ಟಗೆ ಕೂತಳು. ಕಣ್ಣು ಮಿನುಗಿತು.

“ಬಂದ್ಯಾ? ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟು ದಿನ? ತಾಳು, ನನ್ನ ಮಗ ಶೀನ ಬರ್ಲಿ, ನಿಂಗೆ ಮಾಡಿಸ್ತೀನಿ.”

“ಬರ್ಲಿ ಬರ್ಲಿ” ಎಂದೆ. “ನಾನೂ ಅವನ ದಾರೀನೇ ಕಾಯ್ತಾ ಇದೀನಿ.”

ಇಂಥ ಮಾತು ಆಡಿದ ಮೇಲೆ ಖಳನಾದವನು ಗಹಗಹಿಸಿ ನಗಬೇಕು, ಅದು ಕ್ರಮ. ನಾನೂ ಶುರುಮಾಡಿದೆ. ಮೊದಲ ‘ಹ’ ಬಂತು, ಎರಡನೆಯದು ಬರಲಿಲ್ಲ. ಮುಖ ಆಚೆ ತಿರುಗಿಸಿಕೊಂಡೆ.

“ನೋಡೇ ವೀಣಾ” ಎಂದಳು ಅಮ್ಮ, ಬಹಳ ತೃಪ್ತಿಯಿಂದ. “ಮಗನ ಹೆಸರು ಹೇಳಿದ್ದಕ್ಕೇ ಹೆಂಗೆ ಹೆದರ್ಕೊಂಡ!”