ಮಿಡಿ ಕೀಬೋರ್ಡಿನ ಕೀಗಳು ಸಮಾನವಾಗಿ ನಡುಗದಿರುವ ಬಗ್ಗೆ

ವಾದ್ಯೋಪಕರಣ ನಿಗಾ ಇಲಾಖೆ
ಶಾಖಾ ಕಚೇರಿ, ದೊಡ್ಡಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಜಿಲ್ಲೆ

ಸಂಖ್ಯೆ: ವಾನಿಇ/ದೊಬ/ನಡುಕ/ಸುತ್ತೋಲೆ-3/2024-25
ದಿನಾಂಕ: 18-11-2024

ವಿಷಯ: ಕಚೇರಿಯ ಮಿಡಿ ಕೀಬೋರ್ಡಿನಲ್ಲಿ ಆಫ್ಟರ್‌ಟಚ್ ಒಂದೊಂದು ಕೀಗೆ ಒಂದೊಂದು ರೀತಿ ವರ್ತಿಸುತ್ತಿರುವುದು ಹಾಗೂ ತತ್ಸಂಬಂಧ ಸಿಬ್ಬಂದಿಯ ಬೆರಳುಗಳ ಶಿಸ್ತು.

ಉಲ್ಲೇಖ: (1) ವಾದ್ಯವನ್ನು ಬಿಚ್ಚಿಸಿ ನೋಡುವಂತೆ ಕೋರಿ ಗುತ್ತಿಗೆ ಆಧಾರದ ಕೀಬೋರ್ಡ್ ವಾದಕಿ ಶ್ರೀಮತಿ ಮಮತ ಅವರ ಮನವಿ.
(2) ಅದೇ ಮನವಿಯ ಬಗ್ಗೆ ಅವರದೇ ನೆನಪೋಲೆ.
(3) ಕೆಳಸಹಿದಾರರಿಗೆ ಆದ ಬೇಸರ.

ಪ್ರಸ್ತಾವನೆ:

ಸಭೆ ಸಮಾರಂಭಗಳಲ್ಲಿ ನುಡಿಸಲೆಂದು ಈ ಕಚೇರಿಗೆ ಲ್ಯಾಪ್‌ಟಾಪಿಗೆ ಜೋಡಿಸುವ ಮಿಡಿ ಕೀಬೋರ್ಡೊಂದನ್ನು ಖರೀದಿಸಿರುವುದು ಸರಿಯಷ್ಟೆ. ಸದರಿ ವಾದ್ಯದಲ್ಲಿ ಕೀಯನ್ನು ಒತ್ತಿ, ಬಿಡದೆ, ಇನ್ನೂ ಸ್ವಲ್ಪ ಅದುಮಿದರೆ ಸ್ವರ ನಡುಗುತ್ತದೆ. ಇದಕ್ಕೆ ಆಫ್ಟರ್‌ಟಚ್ ಎನ್ನುತ್ತಾರಂತೆ. ಮೊನ್ನೆಯ ರಾಜ್ಯೋತ್ಸವದಂದು ಬಾಶೆಟ್ಟಿಹಳ್ಳಿಯಲ್ಲಿ ಶ್ರೀಮತಿ ಮಮತ ಅವರು ನಾದಸ್ವರದ ದನಿಯಿಟ್ಟು ಸ್ವಾಗತಗೀತೆ ನುಡಿಸುತ್ತಿರಲಾಗಿ, ಒಂದು ಕೀ ಜಪ್ಪಯ್ಯ ಅಂದರೂ ನಡುಗಲಿಲ್ಲ. ಪಕ್ಕದ ಕೀ ಮುಟ್ಟಿದ್ದೇ ತಡ ಬಾಯಿ ಬಡಿದುಕೊಂಡಿತು. ಮುಖ್ಯ ಅತಿಥಿಗಳು ಬೆಚ್ಚಿಬಿದ್ದು, ಹಾರ ಹಾಕಿಸಿಕೊಳ್ಳದೆ ಕಾರು ಹತ್ತಿದರು. ಇಡೀ ಸಭೆ ಮುಸಿಮುಸಿ ನಕ್ಕಿತು. ಇದರಿಂದ ಶಾಖಾಧಿಕಾರಿಗಳಾದ ಕೆಳಸಹಿದಾರರ ಮಾನ ಮೂರು ಕಾಸಿಗೆ ಹೋಗಿರುತ್ತದೆ.

ತಪ್ಪು ಬೆರಳಿನದೋ ವಾದ್ಯದ್ದೋ ಎಂಬುದು ತೀರ್ಮಾನವಾಗುವವರೆಗೆ, ಈ ತಿಂಗಳಾಂತ್ಯಕ್ಕೆ ಮುಗಿಯುವ ಸದರಿ ಮಮತ ಅವರ ಗುತ್ತಿಗೆಯ ನವೀಕರಣವನ್ನು ತಡೆಹಿಡಿಯಲಾಗಿತ್ತು. ಸದರಿಯವರು ದಿನವೂ ಕುಂದಾಣದಿಂದ ಬಸ್ಸಿನಲ್ಲಿ ಬಂದು, ತಮ್ಮ ಕಡತವಿರುವ ಮೇಜಿನ ಮುಂದೆ ನಿಂತು ಹೋಗುತ್ತಿದ್ದುದನ್ನು ಕೆಳಸಹಿದಾರರು ನೋಡಿಯೂ ನೋಡದಂತೆ ಇದ್ದರು. ಈಗ ವಿಚಾರಣೆ ಮುಗಿದಿದ್ದು, ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಕೀಗಳನ್ನು ಎಲ್ಲರೂ ಒಂದೇ ಸಮನಾಗಿ ಅದುಮತಕ್ಕದ್ದು. ರವಾನೆ ವಿಭಾಗದ ಶ್ರೀ ಆದಿನಾರಾಯಣಪ್ಪ ಅವರು ಸೇವೆಗೆ ಸೇರಿದಂದಿನಿಂದ ಲಕೋಟೆಗಳಿಗೆ ಮೊಹರು ಒತ್ತುತ್ತಿದ್ದು, ಅವರ ಕೈಯ ಒತ್ತಡವನ್ನೇ ಇಲಾಖೆಯ ಪ್ರಮಾಣಿತ ಒತ್ತಡವೆಂದು ಘೋಷಿಸಲಾಗಿದೆ. ಪ್ರಾತ್ಯಕ್ಷಿಕೆಯ ವೇಳೆ ಅವರು ಅಭ್ಯಾಸಬಲದಿಂದ ಮೊಹರು ಸಮೇತ ಒತ್ತಿದ ಕಾರಣ ಕೆಲವು ಬಿಳಿ ಕೀಗಳ ಮೇಲೆ ‘ರವಾನಿಸಿದೆ’ ಎಂದು ಮೂಡಿದೆ. ಸದರಿ ಕೀಗಳು ಕಚೇರಿಯಿಂದ ಹೊರಟುಹೋಗಿವೆ ಎಂದು ಭಾವಿಸಿ, ಯಾರೂ ಅವನ್ನು ನುಡಿಸತಕ್ಕದ್ದಲ್ಲ.

2. ಸ್ವರವನ್ನು ನಡುಗಿಸಲು ಇಚ್ಛಿಸುವವರು, ಅದು ಯಾಕೆ ನಡುಗಬೇಕು, ನಡುಗದಿದ್ದರೆ ಸಾರ್ವಜನಿಕರಿಗೆ ಆಗುವ ತೊಂದರೆಯೇನು ಎಂಬುದನ್ನು ವಿವರಿಸಿ ಮುಂಚಿತವಾಗಿ ಟಿಪ್ಪಣಿ ಮಂಡಿಸತಕ್ಕದ್ದು. ಮಂಜೂರಾತಿ ಬರುವವರೆಗೆ ಹಾಡುವವರು ಅದೇ ಸಾಲಿನಲ್ಲಿ ಬಾಯಿ ತೆರೆದು ಕಾಯತಕ್ಕದ್ದು.

3. ನಡುಗದ ಕೀಗಳಿಗೆ ಕಾರಣ ಕೇಳಿ ನೋಟಿಸ್ ಅಂಟಿಸಲಾಗಿದೆ. ಉತ್ತರ ಬಂದಿರುವುದಿಲ್ಲ. ಉತ್ತರ ಬರುವವರೆಗೆ ಕೊರತೆ ಬೀಳುವ ನಡುಕವನ್ನು ಸಮೀಪದ ಮೇಜಿನ ಸಿಬ್ಬಂದಿ ತಮ್ಮ ಗಂಟಲಿನಿಂದ ಒದಗಿಸತಕ್ಕದ್ದು. ಇದಕ್ಕೆ ಪ್ರತ್ಯೇಕ ಭತ್ಯೆ ಇರುವುದಿಲ್ಲ.

4. ಶ್ರೀಮತಿ ಮಮತ ಅವರ ಹೇಳಿಕೆ, ಅವರದೇ ಮಾತಿನಲ್ಲಿ: “ನಾನು ಎಲ್ಲಾ ಕಡೆ ಒಂದೇ ಥರ ಒತ್ತೋದು ಸಾರ್. ದಸರಾಗೆ ಮುಂಚೆ ಚೆನ್ನಾಗೇ ಇತ್ತಲ್ಲ? ಒಂದ್ಸಲ ಬಿಚ್ಚಿ ಒರೆಸ್ಬಿಡಿ, ಸರಿ ಹೋಗುತ್ತೆ. ದಯವಿಟ್ಟು ನನ್ ಹೊಟ್ಟೆ ಮೇಲೆ ಹೊಡೀಬೇಡಿ.” ಹೊಸಕೋಟೆಯಲ್ಲಿ ಆರ್ಕೆಸ್ಟ್ರಾದವರ ಕೀಬೋರ್ಡ್ ರಿಪೇರಿ ಮಾಡುವ ಶ್ರೀ ಜಯಕುಮಾರ್ ಅವರನ್ನು ಕರೆಸಲಾಗಿ, ವಾದ್ಯವನ್ನು ಅಲ್ಲಾಡಿಸಿ ನೋಡಿ, “ಕೀ ಕೆಳಗಡೆ ಉದ್ದಕ್ಕೂ ಒಂದು ಪಟ್ಟಿ ಇರುತ್ತೆ, ಅದುಮಿದ್ದು ಗೊತ್ತಾಗೋದೇ ಅದಕ್ಕೆ. ಅದರ ಮೇಲೆ ಏನೋ ಕೂತ್ಬಿಟ್ಟಿದೆ ಗುರು” ಎಂದಿರುತ್ತಾರೆ. ಕೆಳಸಹಿದಾರರನ್ನು ಗುರು ಎಂದು ಕರೆದಿರುವ ಬಗ್ಗೆ ಪ್ರತ್ಯೇಕವಾಗಿ ಕ್ರಮ ಜರುಗಿಸಲಾಗುವುದು.

5. ಆಯುಧಪೂಜೆಯಂದು ಕೆಳಸಹಿದಾರರು ಸದರಿ ವಾದ್ಯಕ್ಕೆ ಸ್ವಹಸ್ತದಿಂದ ಅರಿಸಿನ ಕುಂಕುಮ ಇಟ್ಟು, ಪಕ್ಕದಲ್ಲೇ ಕಾಯಿ ಒಡೆದಿರುವುದು ನಿಜ. ಅಂದು ಪೂಜೆಯ ತಟ್ಟೆ ಹಿಡಿದಿದ್ದ ಡಿ ಗುಂಪಿನ ನೌಕರರಾದ ಶ್ರೀಮತಿ ಅಕ್ಕಯಮ್ಮ ಅವರನ್ನು ವಿಚಾರಿಸಲಾಗಿ, “ನಾನೇನೂ ನೋಡ್ಲಿಲ್ಲ ಕಣಪ್ಪ. ಸಾಹೇಬ್ರು ಕುಂಕುಮದ ಬಟ್ಲು ಮಗುಚಿದ್ರು, ಕಾಯ್ನೀರು ಒಳಕ್ಕೆ ಹೋಯ್ತು. ಅಷ್ಟು ಬಿಟ್ರೆ ಏನೂ ನೋಡ್ಲಿಲ್ಲ” ಎಂದು ತಿಳಿಸಿರುತ್ತಾರೆ. ಏನೂ ನೋಡಿಲ್ಲವೆಂದು ಎರಡು ಬಾರಿ ಹೇಳಿರುವುದರಿಂದ ಸದರಿ ಸಾಕ್ಷ್ಯವನ್ನು ಅಂಗೀಕರಿಸಲಾಗಿದೆ. ಪೂಜೆಗೂ ದೋಷಕ್ಕೂ ಸಂಬಂಧವಿಲ್ಲವೆಂದು ಕೆಳಸಹಿದಾರರು ಕೆಳಸಹಿದಾರರನ್ನು ಕೂಲಂಕಷ ವಿಚಾರಣೆಗೆ ಒಳಪಡಿಸಿ ತೀರ್ಮಾನಿಸಿರುತ್ತಾರೆ. ಕುಂಕುಮ ಬಿದ್ದ ಕೀಗಳೇ ಕೆಟ್ಟಿರುವುದು ಆಯಾ ಕೀಗಳ ಹಣೆಬರಹ.

6. ಆದ್ದರಿಂದ ದೋಷ ಬೆರಳಿನದೇ ಎಂದಾಯಿತು. ಅದರಂತೆ ಶ್ರೀಮತಿ ಮಮತ ಅವರನ್ನು ಕೆಲಸದಿಂದ ಬಿಡುಗಡೆಗೊಳಿಸುವ ಆದೇಶವನ್ನೂ ಸಿದ್ಧಪಡಿಸಲಾಗಿತ್ತು. ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದ ಕೆಳಸಹಿದಾರರು ಅದನ್ನು ಮತ್ತೆ ಮುಚ್ಚಿದರು. ಆಯಮ್ಮ ಹೋದ ಮೇಲೂ ಈ ಹಾಳು ವಾದ್ಯ ಹೀಗೇ ಕಿರುಚಿದರೆ ಎಲ್ಲರೂ ಯಾರ ಮುಖ ನೋಡುತ್ತಾರೆ? ಬಿಚ್ಚಿಸೋಣವೆಂದರೆ ಒಳಗಿನಿಂದ ಕೆಂಪಗೆ ಏನು ಉದುರುತ್ತದೆ ಎಂಬುದನ್ನು ಇಲ್ಲಿ ವಿವರಿಸುವ ಅಗತ್ಯ ಕಂಡುಬರುವುದಿಲ್ಲ.

7. ಸದರಿ ಕಾರಣಗಳಿಂದ, ದೋಷಕ್ಕೆ ಹೊಣೆಗಾರರೊಬ್ಬರು ಕಚೇರಿಯಲ್ಲಿ ಸದಾ ಲಭ್ಯವಿರುವುದು ಸಾರ್ವಜನಿಕ ಹಿತದೃಷ್ಟಿಯಿಂದ ಅವಶ್ಯವೆಂದು ಮನಗಂಡು, ವಾದ್ಯವು ದುರಸ್ತಿಯಾಗುವವರೆಗೆ ಶ್ರೀಮತಿ ಮಮತ ಅವರ ಗುತ್ತಿಗೆಯನ್ನು ಮುಂದುವರಿಸಿ ಆದೇಶಿಸಿದೆ.

8. ವಾದ್ಯವನ್ನು ಯಾರೂ, ಯಾವ ಕಾಲಕ್ಕೂ ದುರಸ್ತಿ ಮಾಡತಕ್ಕದ್ದಲ್ಲ.

ಸಹಿ/-
(ಭೀಮರಾಜ್)
ಶಾಖಾಧಿಕಾರಿ

ಪ್ರತಿಗಳು:

1. ಶ್ರೀ ಆದಿನಾರಾಯಣಪ್ಪ, ರವಾನೆ ವಿಭಾಗ: ಮೊಹರು ಕೆಳಗಿಟ್ಟು ಓದಿಕೊಳ್ಳಲು.

2. ಅಂದಿನ ಮುಖ್ಯ ಅತಿಥಿಗಳು: ಹಾರವು ಕಚೇರಿಯಲ್ಲೇ ಇರುತ್ತದೆ. ಕಚೇರಿ ವೇಳೆಯಲ್ಲಿ ಖುದ್ದು ಹಾಜರಾಗಿ ಹಾಕಿಸಿಕೊಳ್ಳಲು.

3. ಶ್ರೀ ಜಯಕುಮಾರ್, ಹೊಸಕೋಟೆ: ಸ್ಕ್ರೂಡ್ರೈವರ್ ಹಿಡಿದು ಗೇಟಿನೊಳಗೆ ಬಾರದಿರಲು.

4. ಶ್ರೀಮತಿ ಅಕ್ಕಯಮ್ಮ: ಓದಿಸಿಕೊಂಡು ಮರೆತುಬಿಡಲು.

5. ಶ್ರೀಮತಿ ಮಮತ: ಮಾಹಿತಿಗಾಗಿ. ಈ ಸುತ್ತೋಲೆಯ ಕರಡನ್ನು ತೋರಿಸಲಾಗಿ, ಸದರಿಯವರು ಕಣ್ಣೊರೆಸಿಕೊಂಡು, “ಇರ್ಲಿ ಬಿಡಿ ಸಾರ್, ಬಿಚ್ಚೋದು ಬೇಡ, ಹಿಂಗೇ ಚೆನ್ನಾಗೈತೆ” ಎಂದು ತಮ್ಮ ಮನವಿಯನ್ನು ಹಿಂಪಡೆದಿರುವುದನ್ನು ಮೆಚ್ಚುಗೆಯೊಂದಿಗೆ ದಾಖಲಿಸಿದೆ.